ಓತಿಕ್ಯಾತನ ಬನ್ನಿ

ನಿವೃತ್ತನಾದವನಿಗೆ ಏನು ಬೇಕು ಎಂದು ಕೇಳಿದರೆ ಜನ ಪಿಂಚಣಿ, ಆರೋಗ್ಯ, ವಾಕಿಂಗಿಗೆ ಒಂದು ಜೊತೆ ಗಟ್ಟಿ ಬೂಟು ಎಂದೆಲ್ಲ ಹೇಳುತ್ತಾರೆ. ಸುಳ್ಳು. ನಿವೃತ್ತನಿಗೆ ಬೇಕಾದದ್ದು ವಾದ ಮಾಡಲು ಒಬ್ಬ ಮನುಷ್ಯ. ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತಮೂರು ವರ್ಷ ಗುಮಾಸ್ತನಾಗಿದ್ದಾಗ ನನಗೆ ಈ ಕೊರತೆ ಇರಲಿಲ್ಲ. ಫ್ಯಾನು ಎರಡರ ಮೇಲೆ ಇರಬೇಕೋ ಮೂರರ ಮೇಲೋ ಎಂಬಲ್ಲಿಂದ ಹಿಡಿದು ಭೂಮಿ ಹುಟ್ಟಿದ್ದು ಹೇಗೆ ಎಂಬುದರವರೆಗೆ ನಮ್ಮ ಟೇಬಲ್ಲಿನ ಸುತ್ತ ಇತ್ಯರ್ಥವಾಗದ ವಿಷಯವೇ ಇರಲಿಲ್ಲ. ಮನೆಯಲ್ಲಿ ಹಾಗಲ್ಲ. ನನ್ನ ಹೆಂಡತಿ ಪ್ರಮೀಳಾ, ನಾನು ಏನೇ ಹೇಳಲಿ, "ಹೌದ್ರಿ, ನೀವು ಹೇಳೂದ ಖರೇ" ಎಂದು ಒಪ್ಪಿಕೊಂಡು ಒಗ್ಗರಣೆ ಹಾಕಲು ಹೋಗಿಬಿಡುತ್ತಾಳೆ. ಒಪ್ಪಿಕೊಂಡವರ ಜೊತೆ ಎಷ್ಟು ಹೊತ್ತು ಜಗಳಾಡುತ್ತೀರಿ ಹೇಳಿ? ಅದಕ್ಕೇ ನಾನು ಮುಖ ಪರಿಚಯವಿಲ್ಲದವರ ಜೊತೆ ಇಂಟರ್ನೆಟ್ಟಿನಲ್ಲಿ ಜಗಳಾಡುವ ಚಟಕ್ಕೆ ಬಿದ್ದೆ.

ಈ ಚಟಕ್ಕೆ ಮೂಲ ನನ್ನ ಅಂಗೈ ಕಂಪ್ಯೂಟರು. ಸಾಮಾನ್ಯರ ಕೈಗೆ ಮೊಬೈಲು ಇನ್ನೂ ಬಾರದಿದ್ದ ಕಾಲದಲ್ಲಿ ಆಸೆಪಟ್ಟು ಕೊಂಡದ್ದು. ಅದರ ಬೆನ್ನಿನಲ್ಲಿ ಒಂದು ಕಡ್ಡಿ ಸಿಕ್ಕಿಸಿರುತ್ತದೆ. ಅದನ್ನು ಎಳೆದು ಗಾಜಿನ ಮೇಲೆ ಬರೆದರೆ ಅಕ್ಷರ ಮೂಡುತ್ತದೆ. ಎರಡು ಸಣ್ಣ ಬ್ಯಾಟರಿ ಹಾಕಿದರೆ ತಿಂಗಳು ತಳ್ಳುತ್ತದೆ. ಕರೆ ಇಲ್ಲ, ವಿಡಿಯೊ ಇಲ್ಲ, ಗುಡ್ ಮಾರ್ನಿಂಗ್ ಗುಲಾಬಿಗಳಿಲ್ಲ. ಕನ್ನಡವೂ ಬರುವುದಿಲ್ಲ ಎಂಬುದೊಂದು ಸಣ್ಣ ದೋಷ. ಅದಕ್ಕಾಗಿ ನಾನು ನನ್ನ ವಾದಗಳನ್ನೆಲ್ಲ ಮೊದಲು ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಗೀಚಿ, ಆಮೇಲೆ ಮೊಬೈಲಿನಲ್ಲಿ ಕನ್ನಡಕ್ಕೆ ಇಳಿಸುತ್ತೇನೆ. "ಎರಡೆರಡ ಸಲ ಯಾಕ ಬರೀತೀರಿ? ಆ ಪಾಟಿ ಒಳಗ ಇಡ್ರಿ ಇನ್ನ" ಎನ್ನುತ್ತಾಳೆ ಪ್ರಮೀಳಾ. ಅವಳಿಗೆ ಅದು ಬಾಲವಾಡಿಯ ಮಕ್ಕಳು ಗೀಚುವ ಸ್ಲೇಟು, ಪಾಟಿಯೇ. ಅಂಗೈ ಕಂಪ್ಯೂಟರಿನ ಮಹಿಮೆ ಗೊತ್ತಿರುವ ನಲವತ್ತೋ ಐವತ್ತೋ ಜನರ ಒಂದು ಕನ್ನಡ ಗುಂಪು ಇಂಟರ್ನೆಟ್ಟಿನಲ್ಲಿದೆ ಎಂದು ತಿಳಿದ ದಿನ ನನಗೆ ತವರುಮನೆ ಸಿಕ್ಕಷ್ಟು ಸಂತೋಷವಾಯಿತು. ಅಲ್ಲಿ ಯಾರೂ ನಿಜವಾದ ಹೆಸರು ಹಾಕುವುದಿಲ್ಲ. ಆಗ ತಾನೇ ಅರವತ್ತು ತುಂಬಿ, ಬಸ್ಸಿನಲ್ಲಿ ತೋರಿಸುವ ಕಾರ್ಡು ಕೈಗೆ ಬಂದ ಹೆಮ್ಮೆಯಲ್ಲಿ ನಾನು "ಹಿರಿಯ ನಾಗರಿಕ" ಎಂದು ಹೆಸರಿಟ್ಟುಕೊಂಡೆ.

ಸೇರಿದ ವಾರದಲ್ಲೇ ಒಂದು ಮಾತು ಬರೆದೆ: "ಮಂಗನಿಂದ ಮಾನವನಾದ ಹಾಗೆ, ನಮ್ಮ ಅಂಗೈ ಕಂಪ್ಯೂಟರಿನಿಂದಲೇ ಈಗಿನ ಮೊಬೈಲು ಆಗಿದೆ." ಎಲ್ಲರೂ ಹೆಬ್ಬೆರಳು ಎತ್ತಿದರು. ಒಬ್ಬ ಮಾತ್ರ ಎತ್ತಲಿಲ್ಲ. ಹೆಸರು "ಓತಿಕ್ಯಾತ". ಮುಖದ ಜಾಗದಲ್ಲಿ ಬೇಲಿಯ ಮೇಲೆ ಕುಳಿತು ತಲೆ ಎತ್ತಿದ ಓತಿಕ್ಯಾತದ್ದೇ ಚಿತ್ರ. ಅವನ ಉತ್ತರ ಹೀಗಿತ್ತು: "ಮಂಗ್ಯಾ ನಮ್ಮ ಮುತ್ಯಾ ಅಲ್ರಿ, ಕಾಕಾನ ಮಗ. ಇಬ್ಬರಿಗೂ ಮುತ್ಯಾ ಬ್ಯಾರೇನ ಇದ್ದ, ಅಂವ ಸತ್ತು ಭಾಳ ದಿನ ಆತು." ಗುಂಪೆಲ್ಲ ನಕ್ಕಿತು. ನಾನು ಪಾಟಿ ಹಿಡಿದು ಕುಳಿತೆ. ಅಂದಿನಿಂದ ಎರಡು ವರ್ಷ, ಮುಂಜಾನೆಯ ಚಹಾ ಆದಮೇಲೆ ಹನ್ನೊಂದು ಗಂಟೆಯವರೆಗೆ, ಅಂದರೆ ಹೆಚ್ಚುಕಡಿಮೆ ಆಫೀಸಿನ ಶಿಸ್ತಿನಲ್ಲೇ, ನಾನೂ ಓತಿಕ್ಯಾತನೂ ಜಗಳಾಡಿದೆವು. ಅವನ ತುಂಟತನ ನೋಡಿ ಇನ್ನೂ ಮೀಸೆ ಚಿಗುರದ ಕಾಲೇಜು ಹುಡುಗ ಎಂದು ತೀರ್ಮಾನಿಸಿ "ತಮ್ಮಾ" ಎಂದು ಕರೆಯುತ್ತಿದ್ದೆ. ಅವನು ಒಮ್ಮೆಯೂ ಬೇಡ ಎನ್ನಲಿಲ್ಲ.

ಕಸದ ಇಮೇಲುಗಳ ವಿಷಯದಲ್ಲೂ ಹೀಗೇ ಆಯಿತು. ನೀವು ಲಾಟರಿ ಗೆದ್ದಿದ್ದೀರಿ, ನಿಮ್ಮ ಬೋಳುತಲೆಗೆ ಎಣ್ಣೆ ಇದೆ ಎಂದೆಲ್ಲ ಬರುತ್ತವಲ್ಲ, ಅವು ನನ್ನ ಪೆಟ್ಟಿಗೆಗೆ ಬರುವುದೇ ಇಲ್ಲ, ಎಲ್ಲ ಸೀದಾ ಕಸದ ಬುಟ್ಟಿಗೆ ಹೋಗುವಂತೆ ಯಂತ್ರವನ್ನು ಪಳಗಿಸಿದ್ದೇನೆ ಎಂದು ಜಂಬ ಕೊಚ್ಚಿದೆ. ಓತಿಕ್ಯಾತ ಬರೆದ: "ನಿಮ್ಮ ಜರಡಿ ನೂರು ಹಿಡೀತೈತಿ, ಒಂದ ನುಸುಳತೈತಿ. ಕಳಿಸಾಂವ ಆ ನುಸುಳಿದ್ದರಂಥಾವನ್ನ ಇನ್ನಷ್ಟ ಕಳಸ್ತಾನ. ಅದರಾಗ ಮತ್ತೊಂದು ನುಸುಳತೈತಿ. ಹತ್ತ ಸುತ್ತ ಆದಮ್ಯಾಲೆ ನೋಡ್ರಿ, ಕಸದ ಪತ್ರ ಖಾಸಾ ಸೋದರಮಾವ ಬರದಂಗ ಇರತಾವ. ನಿಮ್ಮ ಜರಡೀನ ಅವನ್ನ ಶಾಣ್ಯಾ ಮಾಡ್ತು. ಜೀವವಿಕಾಸಾನೂ ಹಂಗ. ಅದಕ ದಿನಾ ಒಮ್ಮೆ ಕಸದ ಬುಟ್ಟಿನೂ ತಗದ ನೋಡ್ರಿ, ಒಮ್ಮೊಮ್ಮೆ ಅದರಾಗ ಕರದಂಟು ಬಿದ್ದಿರತೈತಿ." ಸಾಲೆಯಲ್ಲಿ ಮಾಸ್ತರು ಹೊಡೆದು ಹೇಳಿದರೂ ತಲೆಗೆ ಹೋಗದ ಜೀವವಿಕಾಸ ಆ ಮುಂಜಾನೆ ನನಗೆ ಅರ್ಥವಾಯಿತು. ಹಾಗೆಂದು ಒಪ್ಪಿಕೊಳ್ಳಲು ಆದೀತೇ? "ತಮ್ಮಾ, ಕಸ ಆರಿಸುವ ವಯಸ್ಸು ನನ್ನದಲ್ಲ" ಎಂದು ಬರೆದೆ. ಮರುದಿನ ವಾಕಿಂಗಿನ ಗೆಳೆಯರಿಗೆ ಅದೇ ಉದಾಹರಣೆಯನ್ನು ನನ್ನದೇ ಎಂಬಂತೆ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಕೆಟ್ಟದ್ದು ಜಿರಾಫೆಯಿಂದ. ಕಳೆದ ದಸರೆಗೆ ಹತ್ತು ದಿನ ಮುಂಚೆ, ಜಿರಾಫೆ ಎತ್ತರದ ಎಲೆಗಾಗಿ ಕತ್ತು ಚಾಚಿ ಚಾಚಿ ಅದರ ಮಕ್ಕಳಿಗೆ ಉದ್ದ ಕತ್ತು ಬಂತು ಎಂದು ನಾನು ಬರೆದೆ. ಓತಿಕ್ಯಾತ ಕೇಳಿದ: "ಹಂಗಾದ್ರ ಮೂವತ್ತಮೂರು ವರ್ಷ ಫೈಲಿನ ಮ್ಯಾಲೆ ಬಗ್ಗಿ ಕುಂತ ಗುಮಾಸ್ತರ ಮಕ್ಕಳು ಡೊಂಕ ಬೆನ್ನ ತಗೊಂಡ ಹುಟ್ಟಬೇಕಾಗಿತ್ತಲ್ರಿ?" ಮೂವತ್ತು ಜನ ನಗುವ ಮುಖ ಒತ್ತಿದರು. ನನಗೆ ಮೈಯೆಲ್ಲ ಉರಿಯಿತು. ಮೂವತ್ತಮೂರು ವರ್ಷದ ಲೆಕ್ಕ ನಾನೇ ಗುಂಪಿಗೆ ಹೇಳಿದ್ದು. ಅದನ್ನೇ ತಿರುಗಿಸಿ ಹೊಡೆಯುವುದೇ? "ತಮ್ಮಾ, ಮೊದಲ ಹಿರ್ಯಾರ ಜೋಡಿ ಹೆಂಗ ಮಾತಾಡಬೇಕು ಅನ್ನೂದ ಕಲಿ. ಜಿರಾಫಿ ಆಮ್ಯಾಲೆ" ಎಂದು ಬರೆದು ಮೊಬೈಲು ಮಗುಚಿಟ್ಟೆ. ಸ್ವಲ್ಪ ಹೊತ್ತಿಗೆ ಅವನಿಂದ ನನಗೊಬ್ಬನಿಗೇ ಒಂದು ಇಮೇಲು ಬಂತು. ಗುಂಪಿನ ಪುಟದಲ್ಲಿ ಎಲ್ಲರ ವಿಳಾಸವೂ ಇರುತ್ತದೆ. ಮೇಲೆ "ಜಿರಾಫಿ ಬಗ್ಗೆ ಸ್ವಲ್ಪ" ಎಂದಿತ್ತು. ತೆರೆಯದೆಯೇ "ಇದು ಕಸ" ಎಂಬ ಗುಂಡಿಯನ್ನು ಒತ್ತಿದೆ. ಎಷ್ಟು ಹಾಯೆನಿಸಿತೆಂದರೆ ಆ ರಾತ್ರಿ ಒಂದು ರೊಟ್ಟಿ ಹೆಚ್ಚು ತಿಂದೆ.

ದಸರೆ ಬಂತು. ನಮ್ಮ ಕಡೆ ಅವತ್ತು ಬನ್ನಿಯ ಎಲೆಯನ್ನು ಬಂಗಾರ ಎಂದು ಒಬ್ಬರಿಗೊಬ್ಬರು ಕೊಟ್ಟು "ಬಂಗಾರದಂಗ ಇರೂಣು" ಎಂದರೆ ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಿತು. ಆದರೆ ಅದಕ್ಕೊಂದು ಕ್ರಮವಿದೆ. ಕಿರಿಯರು ಬಂದು ಕೊಟ್ಟು ಕಾಲು ಮುಟ್ಟಬೇಕು, ಹಿರಿಯರು ಕುಳಿತಲ್ಲೇ ತೆಗೆದುಕೊಳ್ಳಬೇಕು. ನಾನು ಹೊಸ ಧೋತರ ಉಟ್ಟು ಆರಾಮ ಕುರ್ಚಿಯಲ್ಲಿ ಕುಳಿತೆ. ಓಣಿಯ ಮಂದಿ ಬಂದರು, ಕೊಟ್ಟರು, ಹೋದರು. ಗುಂಪಿನಲ್ಲೂ ಎಲೆಯ ಚಿತ್ರಗಳ ಸುರಿಮಳೆ. ಓತಿಕ್ಯಾತನದು ಮಾತ್ರ ಇಲ್ಲ. ಬರಲಿ, ಕಿರಿಯ ಅವನು, ಅವನೇ ಕೊಡಲಿ ಎಂದು ಕಾದೆ. ಮರುದಿನವೂ ಇಲ್ಲ. ವಾರವಾದರೂ ಅವನ ಸುಳಿವೇ ಇಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನಾನು ಏನು ಬರೆದರೂ ಗುಂಪಿನವರು ಒಪ್ಪತೊಡಗಿದರು. ನಲವತ್ತೋ ಐವತ್ತೋ ಪ್ರಮೀಳೆಯರ ನಡುವೆ ಸಿಕ್ಕಿಬಿದ್ದ ಹಾಗಾಯಿತು. ಕೊನೆಗೆ ಗಾಳ ಹಾಕೋಣವೆಂದು "ತಿಮಿಂಗಿಲ ಎಲ್ಲಕ್ಕಿಂತ ದೊಡ್ಡ ಮೀನು" ಎಂದು ಬೇಕೆಂದೇ ತಪ್ಪು ಬರೆದೆ. ಎಂಟು ಹೆಬ್ಬೆರಳು ಎದ್ದವು. ಎರಡು ದಿನ ಬಿಟ್ಟು "ಬಾವಲಿ ಒಂದು ವಿಚಿತ್ರ ಹಕ್ಕಿ" ಎಂದೆ. ಒಬ್ಬರು ಕೈ ಮುಗಿದು "ಒಳ್ಳೆಯ ಮಾಹಿತಿ ಸರ್" ಎಂದರು. ಆ ಮೂರು ಮಾತು ಓದಿ ನನಗೆ ಅಳುವುದೊಂದು ಬಾಕಿ.

ಪ್ರಮೀಳಾ ನೋಡುವಷ್ಟು ನೋಡಿದಳು. "ಅಲ್ರೀ, ಯಾರೋ ಗೊತ್ತಿಲ್ದಾಂವ ಬನ್ನಿ ಕೊಡ್ಲಿಲ್ಲಂತ ಇಷ್ಟ ಮಾರಿ ಸಣ್ಣದ ಮಾಡ್ಕೊಂಡ ಕುಂತೀರಲ್ಲ, ನೀವ ಮೊದಲ ಕೊಟ್ರ ಏನಾಗತೈತಿ?" ಎಂದಳು.

"ಹಿರ್ಯಾಂವ ನಾನು!"

"ಅವಗ ಎಷ್ಟ ವಯಸ್ಸಂತ ಕೇಳೀರೇನು?"

"ಕೇಳೂದೇನೈತಿ, ಬರವಣಿಗಿಯೊಳಗ ಗೊತ್ತಾಗತೈತಿ."

"ಹೌದ್ರಿ, ನೀವು ಹೇಳೂದ ಖರೇ" ಎಂದು ಅವಳು ಎದ್ದು ಹೋದಳು. ಆ ಮಾತು ಅವಳ ಬಾಯಿಂದ ಯಾವತ್ತೂ ಅಷ್ಟು ಚುಚ್ಚಿರಲಿಲ್ಲ.

ನವೆಂಬರ್ ಬಂತೆಂದರೆ ಪಿಂಚಣಿಯವರೆಲ್ಲ ತಾವಿನ್ನೂ ಬದುಕಿದ್ದೇವೆ ಎಂದು ಸರ್ಕಾರಕ್ಕೆ ತಿಳಿಸಬೇಕು. ನಾನೂ ತಿಳಿಸಿದ್ದೆ. ಸ್ವೀಕರಿಸಿದೆವು ಎಂಬ ಇಮೇಲು ಮಾತ್ರ ಬರಲಿಲ್ಲ. "ನಿಮ್ಮ ಕಸದ ಬುಟ್ಟಿಯೊಳಗ ಬಿದ್ದಿರಬೇಕು, ನೋಡ್ರಿ" ಎಂದಳು ಪ್ರಮೀಳಾ. ಕಸ ಆರಿಸುವ ವಯಸ್ಸು ನನ್ನದಲ್ಲ ಎಂದು ಬರೆದವನು ಕನ್ನಡಕ ಹಾಕಿಕೊಂಡು ಆರಿಸಲು ಕುಳಿತೆ. ನಾನು ಬದುಕಿದ್ದೇನೆ ಎಂಬ ಸಂಗತಿ ಅಲ್ಲೇ ಬೋಳುತಲೆಯ ಎಣ್ಣೆಯ ಕೆಳಗೆ ಬಿದ್ದಿತ್ತು. ಅದರ ಕೆಳಗೆ ಓತಿಕ್ಯಾತನ ಎರಡು ಪತ್ರಗಳಿದ್ದವು. ಅಂದು ನಾನು ಸಿಟ್ಟಿನಲ್ಲಿ ಒಂದು ಪತ್ರವನ್ನು ಕಸ ಎಂದಿದ್ದೆ. ವಿಧೇಯ ಯಂತ್ರ ಆ ವಿಳಾಸದಿಂದ ಬಂದದ್ದನ್ನೆಲ್ಲ ಕಸ ಎಂದೇ ತಿಳಿದು ಬುಟ್ಟಿಗೆ ಹಾಕುತ್ತ ಬಂದಿತ್ತು. ಒಂದು ತಿಂಗಳಾದರೆ ಬುಟ್ಟಿ ತಾನೇ ಖಾಲಿಯಾಗುತ್ತದೆ. ಜಿರಾಫೆಯ ಪತ್ರ ಆಗಲೇ ಹೋಗಿತ್ತು. ದಸರೆಯ ದಿನದ ಪತ್ರಕ್ಕೆ ಇನ್ನೆರಡೇ ದಿನ ಆಯುಷ್ಯ ಉಳಿದಿತ್ತು.

ಅದನ್ನು ತೆರೆದೆ. ಸುಕ್ಕುಗಟ್ಟಿದ ಅಂಗೈ, ಅದರ ಮೇಲೆ ಬನ್ನಿಯ ಒಂದು ಎಸಳು. ಕೈಯಲ್ಲಿ ತೆಳ್ಳನೆಯ ಬಳೆ. ಕೆಳಗೆ ಹೀಗಿತ್ತು: "ಹಿರಿಯ ನಾಗರಿಕರಿಗೆ, ನಿಮಗ ಸಿಟ್ಟ ಬಂದದ್ದು ಗೊತ್ತಾತು. ಗುಂಪಿನ್ಯಾಗ ಎಲ್ಲಾರಿಗೂ ಸೇರಿ ಒಂದ ಫೋಟೊ ತೂರಿದ್ರ ಬನ್ನಿ ಕೊಟ್ಟಂಗ ಅಲ್ಲ, ಜಗಳಾಡಿದವರಿಗೆ ಬ್ಯಾರೇನ ಕೊಡಬೇಕು. ಸಣ್ಣಾವರು ಮೊದಲ ಕೊಡೂದು ಪದ್ಧತಿ ಖರೇ. ಆದ್ರ ನನಗೀಗ ಎಂಬತ್ತೆರಡು, ಇನ್ನೆಷ್ಟ ದಸರಾ ನಿಮ್ಮ ಹಾದಿ ಕಾಯಲಿ? ತಗೊಳ್ರಿ, ಬಂಗಾರದಂಗ ಇರೂಣು. ನೀವು ತಮ್ಮಾ ಅಂದಾಗೆಲ್ಲಾ ನಗು ಬರತಿತ್ತು. ಈ ವಯಸ್ಸಿನ್ಯಾಗ ಯಾರರ ಹಂಗ ಕರದ್ರ ಬ್ಯಾಡ ಅನ್ನಾಕ ಮನಸ್ಸ ಬರಲಿಲ್ಲ. ಖೈರುನ್ನೀಸಾ, ರಿಟೈರ್ಡ್ ಸೈನ್ಸ್ ಟೀಚರ್. ಹುಬ್ಬಳ್ಳಿ ಕಡೆ ಬಂದ್ರ ಮನಿಗೆ ಬರ್ರಿ, ದೇಶಪಾಂಡೆ ನಗರದಾಗ ಟೀಚರ್ ಮನಿ ಅಂದ್ರ ಯಾರರ ತೋರಸ್ತಾರ."

ಎರಡನೆಯದು ಅವರ ಸೊಸೆ ಬರೆದುಕೊಟ್ಟದ್ದು: "ಕಣ್ಣಿನ ಪೊರಿ ತಗಸೇನಿ. ಡಾಕ್ಟರು ಫೋನ್ ನೋಡಬ್ಯಾಡ ಅಂದಾರ, ಅದಕ ಗುಂಪಿನ್ಯಾಗ ಬಂದಿಲ್ಲ. ನೀವು ತಿಮಿಂಗಿಲ ಮೀನು ಅಂತ ಬರದೀರಂತ, ಸೊಸಿ ಓದಿ ಹೇಳಿದ್ಲು. ಕಣ್ಣ ಬಿಚ್ಚಲಿ, ನೋಡ್ಕೋತೇನಿ."

ನಾನು ಪ್ರಮೀಳೆಯನ್ನು ಕರೆಯಲಿಲ್ಲ. ಅವಳೇ ಬಂದು ಬೆನ್ನ ಹಿಂದೆ ನಿಂತು ಓದಿದಳು, ದೇವರ ಮಾಡದಿಂದ ಒಣಗಿದ ಬನ್ನಿಯ ಎಸಳೊಂದನ್ನು ತಂದಳು, ದೀಪಾವಳಿಯ ಚಕ್ಕಲಿ ಡಬ್ಬಿಗೆ ತುಂಬಿದಳು. ಎಂಬತ್ತೆರಡರ ಹೆಣ್ಣುಮಗಳ ಮುಂದೆ ಎರಡು ವರ್ಷ ಹಿರಿತನ ಮೆರೆದವನು ನಾನು. ಅವರು ಸಾಲೆಯಲ್ಲಿ ಪಾಠ ಹೇಳಲು ಶುರುಮಾಡಿದಾಗ ನಾನು ಬಹುಶಃ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಕಲಿಯುತ್ತಿದ್ದೆ. ಹುಬ್ಬಳ್ಳಿಯ ಬಸ್ಸಿನಲ್ಲಿ ಹಿರಿಯ ನಾಗರಿಕರ ಸೀಟು ಖಾಲಿಯಿತ್ತು. ನನಗೆ ಅದರಲ್ಲಿ ಕೂರಲು ಧೈರ್ಯ ಬರಲಿಲ್ಲ.

ಟೀಚರು ಕಪ್ಪು ಕನ್ನಡಕ ಹಾಕಿ ಪಡಸಾಲೆಯಲ್ಲಿ ಕುಳಿತಿದ್ದರು. ಪಕ್ಕದ ಮೇಜಿನ ಮೇಲೆ ನನ್ನದರಂಥದೇ ಅಂಗೈ ಕಂಪ್ಯೂಟರು. ಗೋಕುಲ ರಸ್ತೆಯಲ್ಲಿ ಅವರ ಯಜಮಾನರದು ರಿಪೇರಿ ಅಂಗಡಿ ಇತ್ತಂತೆ. ಅವರು ಕೊನೆಯದಾಗಿ ಸರಿಮಾಡಿದ್ದು ಅದನ್ನಂತೆ. ನಾನು ಒಣ ಬನ್ನಿಯನ್ನು ಅವರ ಕೈಯಲ್ಲಿಟ್ಟು ಕಾಲು ಮುಟ್ಟಿದೆ. "ತಡಾ ಆತ್ರಿ ಟೀಚರ್" ಎಂದೆ.

"ಬಾರಪಾ ತಮ್ಮಾ, ಕುಂದರು" ಎಂದರು. ಎಸಳನ್ನು ಬೆರಳಿನಲ್ಲಿ ಸವರಿ ನೋಡಿ ಮೇಜಿನ ಮೇಲಿನ ಆ ಯಂತ್ರದ ಚೀಲದೊಳಗೆ ಇಟ್ಟರು. "ತಿಮಿಂಗಿಲಾ ಮೀನಂತ?"

"ಅದು ನೀವು ಬರ್ಲಿ ಅಂತ ಬೇಕಂತನ ಬರದಿದ್ದೆರಿ."

"ಜಿರಾಫಿ?"

"ಅದು ಖರೇನ ಗೊತ್ತಿರಲಿಲ್ರಿ."

ಟೀಚರು ನಕ್ಕ ನಗೆಗೆ ಒಳಗಿನಿಂದ ಸೊಸೆ ಚಹಾದ ಕಪ್ಪು ಹಿಡಿದೇ ಓಡಿಬಂದಳು. ಆಮೇಲೆ ಒಂದೂವರೆ ತಾಸು ಜಿರಾಫೆ. ಅಳಿಸಿಹೋದ ಪತ್ರವನ್ನು ಬಾಯಿಪಾಠದಂತೆ ಪೂರ್ತಿ ಹೇಳಿದರು.

ಮನೆಗೆ ಬಂದವನೇ ಗುಂಪಿನಲ್ಲಿ ನನ್ನ ಹೆಸರನ್ನು "ಕಾಕಾನ ಮಗ" ಎಂದು ಬದಲಿಸಿದೆ. ಈಗ ದಿನಾ ಚಹಾಕ್ಕೆ ಮೊದಲು ಕಸದ ಬುಟ್ಟಿ ತೆರೆದು ನೋಡುತ್ತೇನೆ. ಹತ್ತು ದಿನದ ಮೇಲೆ, ಮುಂಜಾನೆ ಸರಿಯಾಗಿ ಆಫೀಸಿನ ಹೊತ್ತಿಗೆ, ಬೇಲಿಯ ಮೇಲಿನ ಓತಿಕ್ಯಾತ ಮತ್ತೆ ತಲೆ ಎತ್ತಿತು: "ತಮ್ಮಾ, ಬಾವಲಿ ಹಕ್ಕಿ ಅಲ್ಲ. ಮರಿಗೆ ಹಾಲ ಕುಡಸತೈತಿ, ನಿನ್ನ ಬಳಗ." ಐವತ್ತು ಜನರೆದುರು ಬೈಸಿಕೊಂಡದ್ದನ್ನು ನಾನು ಪ್ರಮೀಳೆಗೆ ಎರಡು ಸಲ ಗಟ್ಟಿಯಾಗಿ ಓದಿ ಹೇಳಿದೆ. "ಹಂಗಾದ್ರ ಈಗ ಒಪ್ಪಿಕೊಳ್ರಿ ಮತ್ತ" ಎಂದಳು ಅವಳು. ಬಾವಲಿ ಹಕ್ಕಿಯಲ್ಲ ಎಂದು ನನಗೆ ಮೊದಲಿನಿಂದಲೂ ಗೊತ್ತು. ಪಾಟಿ ತೆಗೆದುಕೊಂಡೆ, ಕಡ್ಡಿ ಎಳೆದೆ, ಬರೆದೆ: "ರೆಕ್ಕಿ ಅದಾವಲ್ರಿ ಟೀಚರ್?"