ಮಾವನವರ ಜೀಪಿನ ಮೂಗು

ಗಾಡಿಗೆ ಧಕ್ಕೆ ತಾಗಬಾರದು ಅಂತ ಪಾಟಾ ಕಟ್ಟುವುದು ನನ್ನ ಕಸುಬು. ಪಾಟಾ ಅಂದರೆ ಕಮಾನಿನಂತೆ ಬಾಗಿಸಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಓದಿದವರು ಸ್ಪ್ರಿಂಗ್ ಅನ್ನುತ್ತಾರೆ. ವಾಡಿಯಲ್ಲಿ ಶಹಾಬಾದ್ ಕಡೆಗೆ ಹೋಗುವ ರಸ್ತೆಗೆ ಅಂಗಡಿ ಹಾಕಿ ಒಂಬತ್ತು ವರ್ಷವಾಯಿತು. ಈ ಒಂಬತ್ತು ವರ್ಷದಲ್ಲಿ ಗಾಡಿಗಳಿಗೆ ತಾಗಬೇಕಾದ ಧಕ್ಕೆಯೆಲ್ಲ ನನಗೇ ತಾಗಿದೆ, ಇನ್ನೂ ತಾಗುತ್ತಲೇ ಇದೆ.

ಕೆಲಸದ ಲೆಕ್ಕ ಸುಲಭ. ಮುಂದೆ ಭಾರ ಹೆಚ್ಚಿದ್ದರೆ ಪಟ್ಟಿ ಹೆಚ್ಚು, ಭಾರ ಕಡಿಮೆಯಿದ್ದರೆ ಪಟ್ಟಿ ಕಡಿಮೆ. ಪಟ್ಟಿ ಸಾಲದಿದ್ದರೆ ಗಾಡಿ ನೆಲಕ್ಕೆ ಮೂಗು ಹಚ್ಚುತ್ತದೆ. ಹೆಚ್ಚಾದರೆ ಕುಂತವರ ಬೆನ್ನೆಲುಬು ಒಂದೊಂದಾಗಿ ಎಣಿಸುತ್ತದೆ. ಆದರೆ ಭಾರ ಎಷ್ಟಿದೆ ಅಂತ ಗಾಡಿಯವನು ನಿಜ ಹೇಳಬೇಕಲ್ಲ! ವಧು ನೋಡಲು ಹೋದ ಗಂಡು ತನ್ನ ವಯಸ್ಸು ಹೇಳಿದ ಹಾಗೆ ಹೇಳುತ್ತಾರೆ. ಹೋದ ವರ್ಷ ಈ ಭಾರದ ಗೊಂದಲ ನನ್ನ ಬಸುರಿ ಹೆಂಡತಿಯ ತನಕ ಬಂದು ಮುಟ್ಟಿತು. ಅದನ್ನು ಹೇಳುವ ಮೊದಲು ನನ್ನ ಅಂಗಡಿಯ ಬೋರ್ಡಿನ ಕಥೆ ಹೇಳಲೇಬೇಕು.

ಜಳಕ ಮಾಡಿ ಬಂದ ಗಾಡಿ

ರಾವೂರಿನ ಕಲ್ಲುಗಣಿ ಸಾಹುಕಾರರೊಬ್ಬರು ಜೀಪು ತಂದರು. ಮೂಗು ಕುಂತಿದೆ ಅಂತ ಅವರ ತಕರಾರು. ನೋಡಿದರೆ ಜೀಪು ಮದುಮಗನ ಹಾಗೆ ಹೊಳೆಯುತ್ತ ನೆಟ್ಟಗೆ ನಿಂತಿದೆ.

"ಮುಂದ ಭಾರ ಏನು ಹಾಕ್ತೀರಿ?" ಅಂದೆ.

"ಏನಿಲ್ರಿ. ನಾನು, ನನ್ನ ಟವೆಲ್ಲು."

ನಂಬಿ ಐದು ಪಟ್ಟಿಯ ಮೆತ್ತನೆಯ ಪಾಟಾ ಹಾಕಿದೆ. ಮರುದಿನ ಮುಂಜಾನೆ ಅದೇ ಜೀಪು ರಸ್ತೆಗೆ ಬಂಪರ್ ಉಜ್ಜುತ್ತ ಬಂತು. ಬಂಪರಿಗೆ ಎರಡು ಸ್ಟೆಪ್ನಿ, ಆನೆ ಕಟ್ಟುವಂಥ ಸರಪಳಿ, ಆರು ಹಾರೆ, ಅದರ ಮೇಲೊಂದು ಕಲ್ಲು ಕೊರೆಯುವ ಮಿಷನ್ನು.

"ಇದೆಲ್ಲಾ ನಿನ್ನಿ ಎಲ್ಲಿತ್ರಿ ಸಾಹುಕಾರ್ರ?"

"ಇಳಿಸಿ, ತೊಳಸ್ಕೊಂಡು ಬಂದಿದ್ದೆ. ಒಬ್ಬರ ಬಾಗಲಿಗೆ ಹೋಗಾಗ ಹಂಗ ಹೊಲಸು ಹೊತ್ಕೊಂಡು ಹೋಗ್ತಾರೇನ್ರಿ? ನಮಗೂ ಮರ್ಯಾದಿ ಅದ."

ಅವರೊಬ್ಬರೇ ಅಲ್ಲ, ನಮ್ಮ ಕಡೆ ಎಲ್ಲರೂ ಹೀಗೆಯೇ. ರೋಗ ಮನೆಯಲ್ಲಿಟ್ಟು ಡಾಕ್ಟರ ಹತ್ತಿರ ಬರುವ ಜನ.

ಅಜ್ಜಿ ಇಳಿಯಲಿಲ್ಲ

ಸಿಟ್ಟಿಗೆ ಬೋರ್ಡು ಬರೆಸಿ ನೇತು ಹಾಕಿದೆ: "ಗಾಡಿ ತೊಳಿಬ್ಯಾಡ್ರಿ. ಏನೂ ಇಳಿಸಬ್ಯಾಡ್ರಿ. ದಿನಾ ಹ್ಯಾಂಗ ಹೋಗ್ತದ ಹಂಗ ತರ್ರಿ."

ಎಂಟೇ ದಿನಕ್ಕೆ ಕಾಳಗಿ ಕಡೆಯ ಜೀಪೊಂದು ಬಂತು. ಒಳಗೆ ಎರಡು ಆಡು, ಏಳು ಜನ, ಅವರಲ್ಲಿ ಮುಂದಿನ ಸೀಟಿನಲ್ಲಿ ರೊಟ್ಟಿ ಬುಟ್ಟಿ ಹಿಡಿದ ಒಬ್ಬ ಭಾರೀ ಅಜ್ಜಿ. ನಾನು ದಂಗಾದೆ. ಜಾಕ್ ಹಚ್ಚಬೇಕು, ಇಳೀರಿ ಅಂದೆ. ಆರು ಜನ ಇಳಿದರು. ಅಜ್ಜಿ ಕದಲಲಿಲ್ಲ.

"ನಾ ಇಳಿದ್ರ ತೂಕ ಕಮ್ಮಿ ಆಗ್ತದಲ್ಲೋ ತಮ್ಮಾ. ನೀ ಬರೆಸಿದ ಬೋರ್ಡ್ ನೀನ ಓದಿಲ್ಲೇನು?"

ಅಜ್ಜಿಯನ್ನು ಮೇಲೆ ಕೂರಿಸಿಕೊಂಡೇ ಕೆಳಗೆ ಮಲಗಿ ಮೂರು ತಾಸು ಕೆಲಸ ಮಾಡಿದೆ. ಮಧ್ಯಾಹ್ನ ಆಕೆ ಮೇಲಿಂದಲೇ ನನ್ನ ಕೈಗೆ ರೊಟ್ಟಿ, ಶೇಂಗಾ ಹಿಂಡಿ ಇಳಿಸಿಕೊಟ್ಟಳು. ಹೊರಗೆ ಬಂದು ನೋಡಿದರೆ ಗೂಟಕ್ಕೆ ಹಾಕಿದ್ದ ನನ್ನ ಅಂಗಿಯ ಎರಡೂ ತೋಳು ಆಡುಗಳ ಹೊಟ್ಟೆ ಸೇರಿದ್ದವು. ಕೂಗಬೇಕು ಅನ್ನುವಷ್ಟರಲ್ಲಿ ಗಾಡಿಯವನೇ ಅಂದ, "ತೂಕ ಹೆಚ್ಚಾತಲ್ರೀ. ಇನ್ನೊಂದು ಪಟ್ಟಿ ಹಾಕಿಬಿಡ್ರಿ."

ನಾಲ್ಕು ದಿನದ ಇಂಜಿನಿಯರ್

ಇನ್ನು ನನ್ನ ಮಾವನವರು. ಅವರ ಊರು ಚಿಂಚೋಳಿ ದಾಟಿ ಗುಡ್ಡದ ಮಗ್ಗುಲಲ್ಲಿದೆ. ಆ ದಾರಿಗೆ ಕಾರು ಹೋಗುವುದಿಲ್ಲ, ಅವರ ಹಳೇ ಜೀಪು ಮಾತ್ರ ಹೋಗುತ್ತದೆ. ಹೋದ ವರ್ಷ ನನ್ನ ಹೆಂಡತಿಗೆ ಚೊಚ್ಚಲು ಬಸಿರು. ಏಳನೇ ತಿಂಗಳಿಗೆ ತವರಿಗೆ ಕರೆದೊಯ್ದು ಸೀಮಂತದ ಕುಬಸ ಮಾಡುವುದು, ಅದೂ ತವರಿನ ಗಾಡಿಯಲ್ಲೇ ಕರೆದೊಯ್ಯುವುದು ಅವರ ಮನೆಯ ಪದ್ಧತಿ. ತಿಂಗಳ ಮೊದಲೇ ಮಾವ ಜೀಪು ತಂದು ನಿಲ್ಲಿಸಿದರು.

"ಅಳಿಯಂದ್ರ, ನನ್ನ ಮಗಳ ಹೊಟ್ಟ್ಯಾಗಿನ ನೀರ ಅಲುಗಾಡಬಾರದು. ಅಷ್ಟು ಮಾಡಿ ಕೊಡ್ರಿ."

ಅಂಗಡಿಯ ಹಿಂದೆಯೇ ನಮ್ಮ ಮನೆ. ಒಳಗಿಂದ ಹೆಂಡತಿ ಸೇರಿಸಿದಳು, "ರೀ, ಒಂದ ಧಕ್ಕಾ ಹತ್ತಿದ್ರೂ ನಾ ನಡು ದಾರ್ಯಾಗ ಇಳಿತೀನಿ. ಆಮ್ಯಾಲ ನಮ್ಮ ಮಂದಿಗೆ ನೀವು ಮಾರಿ ತೋರಿಸಬ್ಯಾಡ್ರಿ."

ನನಗೆ ನಿಜಕ್ಕೂ ಹೆದರಿಕೆಯಾಯಿತು. ಮದುವೆಯಲ್ಲೇ ಮಾವ ಯಾರಿಗೋ "ಪಾಟಾ ಬಡಿಯಾಂವಗ ಮಗಳನ್ನ ಕೊಟ್ಟೀನಿ" ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಮೇಲಾಗಿ ಹೊಟ್ಟೆಯಲ್ಲಿರುವುದು ನನ್ನ ಕೂಸು.

ಕಾಡುಹಂದಿ ಎರಡು ಸಲ ಗುದ್ದಿದ್ದಕ್ಕೆ ಮಾವ ಜೀಪಿನ ಮುಂದೆ ಎರಡು ದಪ್ಪ ಪೈಪಿನ ಗಾರ್ಡು ಹಾಕಿಸಿದ್ದರು. ಭಾರ ಏನ್ರಿ ಅಂತ ಕೇಳಿದೆ.

"ಪೊಳ್ಳು ಪೈಪ್ರಿ," ಅಂತ ಬಡಿದು ತೋರಿಸಿದರು. ಟಣ್ ಅಂದಿತು.

ಆರು ಪಟ್ಟಿ ಹಾಕಿದೆ. ಗಾಲಿಯ ನಡುವಿನಿಂದ ಮಡ್ಗಾರ್ಡಿಗೆ ಎರಡು ಗೇಣು ನಾಲ್ಕು ಬೆರಳು, ಎರಡೂ ಕಡೆ ಸಮ. ಮುಂದೆ ಒಂದು ಲೋಟ ನೀರಿಟ್ಟುಕೊಂಡು ಚಿತ್ತಾಪುರಕ್ಕೆ ಹೋಗಿ ಬಂದೆವು. ಒಂದು ಹನಿ ಚೆಲ್ಲಲಿಲ್ಲ. ಮಾವ ಮೊದಲ ಸಲ ನನ್ನನ್ನು ಇಂಜಿನಿಯರ್ ಅಂದರು. ಆ ಪದವಿ ನಾಲ್ಕು ದಿನ ಇತ್ತು.

ಹಪ್ಪಳ

ಐದನೇ ದಿನ ಫೋನು. "ಅಳಿಯಂದ್ರ, ಮೂಗು ಕುಂತದ."

ನಟ್ಟು ಬಿಗಿಯುತ್ತಿದ್ದ ಪಾನಾ ಕಾಲ ಮೇಲೆ ಬಿತ್ತು. ಅಂಗಡಿ ಹಾಕಿದಾಗಿನಿಂದ ಸರಿಯಾಗಿ ಅಳೆದು ಹಾಕಿದ ಪಾಟಾ ನಾಲ್ಕು ದಿನಕ್ಕೆ ಕುಂತದ್ದಿಲ್ಲ. ಜೀಪು ತರಿಸಿ ಎಂಟು ಪಟ್ಟಿ ಮಾಡಿದೆ. ಹತ್ತು ದಿನಕ್ಕೆ ಮತ್ತೆ ಫೋನು, ಮತ್ತೆ ಮೂಗು.

"ಮುಂದ ಏನರೆ ಹೆಚ್ಚಿಗಿ ಕಟ್ಟೀರೇನ್ರಿ ಮಾವಾರ?"

"ನಿಮ್ಮಾಣಿ ಇಲ್ಲ. ಅದ ಗಾರ್ಡು, ಅದ ಪೈಪು."

ಎಂಟು ಪಟ್ಟಿ ಹಾಕುವಾಗಲೇ ಪೈಪು ಬಡಿದು ನೋಡಬೇಕಿತ್ತು. ಆದರೆ ಮಾವ ಹೇಳಿದ ಮೇಲೆ ಅಳಿಯನಾದವನು ಬಡಿದು ಪರೀಕ್ಷೆ ಮಾಡುವುದುಂಟೇ? ನಾಚಿಕೊಂಡೆ.

ಮಾವ ಮಾತ್ರ ನಾಚಲಿಲ್ಲ. ಸೇಡಂನ ಚಹಾ ಹೋಟೆಲಿನಲ್ಲಿ ಕುಂತು ಎಲ್ಲರಿಗೂ ಹೇಳಿದರು. ಅಲ್ಲಿಂದ ಬಂದ ಒಬ್ಬ ಗಿರಾಕಿ ನನ್ನ ಅಂಗಡಿಯ ಬಾಗಿಲಲ್ಲೇ ನಿಂತು ಕೇಳಿದ, "ನಿಮ್ಮ ಪಾಟಾ ಹಪ್ಪಳ ಇದ್ದಂಗ ಅದಾವಂತಲ್ರೀ, ಖರೇನು?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅಂದಳು, "ಹಪ್ಪಳ ಆಗಿದ್ರ ಕರದಾದ್ರೂ ತಿನಬಹುದಿತ್ತು."

ಜೀಪಿಗೆ ಒದ್ದೆ ಚೀಲ

ಕುಬಸಕ್ಕೆ ಒಂದು ವಾರ ಉಳಿದಾಗ ತಡೆಯಲಾಗದೆ ನಾನೇ ಮಾವನವರ ಊರಿಗೆ ಹೋದೆ. ಅಂಗಳದಲ್ಲಿ ಜೀಪು ನಿಂತಿದೆ, ಅದರ ಮೂಗಿಗೆ ಒದ್ದೆ ಗೋಣಿಚೀಲ ಸುತ್ತಿದೆ. ಜ್ವರ ಬಂದವರ ಹಣೆಗೆ ಬಟ್ಟೆ ಹಾಕಿದ ಹಾಗೆ! ನನ್ನ ಅತ್ತೆ ಕೊಡ ಹಿಡಿದು ಅದರ ಮೇಲೆ ನೀರು ಸುರಿಯುತ್ತಿದ್ದಾರೆ.

"ಏನು ಮಾಡಾಕತ್ತೀರಿ ಅತ್ತಿ?"

"ಕ್ಯೂರಿಂಗ್‌ರಿ. ಮುಂಜಾನಿ ಎರಡು ಕೊಡ, ಸಂಜಿಗಿ ಎರಡು ಕೊಡ. ಇಲ್ಲಂದ್ರ ಬಿರುಕು ಬಿಡ್ತದಂತ ಮಗ ಹೇಳ್ಯಾನ."

ಮಗ ಅಂದರೆ ನನ್ನ ಹೆಂಡತಿಯ ಅಣ್ಣ. ಆದಿತ್ಯನಗರದಲ್ಲಿ ಕಟ್ಟಡ ಕೆಲಸದ ಮೇಸ್ತ್ರಿ. ನಾನು ಓಡಿಹೋಗಿ ಪೈಪು ಬಡಿದೆ. ಟಣ್ ಅನ್ನಲಿಲ್ಲ, ಧಬ್ ಅಂದಿತು. ಒಳಗೆ ಕಂಬಿ ಇಳಿಸಿ ಕಾಂಕ್ರೀಟು ತುಂಬಿದ್ದರು!

"ಪೊಳ್ಳು ಪೈಪು ಹಂದಿಗೆ ಬಗ್ಗತದ," ಅಂತ ಮಾವನವರ ಜೊತೆ ಹೊರಗೆ ಬಂದ ಭಾವ ಹೆಮ್ಮೆಯಿಂದ ವಿವರಿಸಿದ. "ಮೊದಲ ಕೆಳಗಿಂದು ತುಂಬಿದ್ವಿ. ಅದು ಗಟ್ಟಿ ಆದ ಮ್ಯಾಲ ಮ್ಯಾಲಿಂದು. ಈಗ ಲಾರಿ ಬಂದು ಗುದ್ದಿದ್ರೂ ಲಾರಿನ ಹಿಂದ ಸರೀಬೇಕು."

ಅಂದರೆ ನಾನು ಆರು ಪಟ್ಟಿ ಹಾಕಿದ ಮೇಲೆ ಕೆಳಗಿನ ಪೈಪು, ಎಂಟು ಪಟ್ಟಿ ಹಾಕಿದ ಮೇಲೆ ಮೇಲಿನ ಪೈಪು.

"ಮಾವಾರ, ನಾ ಕೇಳಿದಾಗರೆ ಹೇಳಬಾರದಿತ್ತೇನ್ರಿ?"

"ಒಳಗಿಂದು ಯಾರಿಗಿ ಕಾಣ್ತದ್ರಿ ಅಳಿಯಂದ್ರ? ಕಾಣದ್ದಕ್ಕ ತೂಕ ಇರ್ತದೇನು?"

ಭಾವನ ಕಡೆ ತಿರುಗಿದೆ. "ಹೊರಗ ಹಾಕಿದ ನೀರು ಪೈಪಿನ ಒಳಗಿನ ಕಾಂಕ್ರೀಟಿಗೆ ಹ್ಯಾಂಗ ಮುಟ್ತದ ಭಾವಾ?"

ಅವನು ಒದ್ದೆ ಚೀಲದ ಮೇಲೆ ಕೈಯಿಟ್ಟು ನೋಡಿದ. "ತಂಪರೆ ಮುಟ್ತದಲ್ಲ," ಅಂದ.

ಮುಗಿಲು ನೋಡುವ ಜೀಪು

ಮರುದಿನ ಜೀಪು ವಾಡಿಗೆ ತರಿಸಿ ಹತ್ತು ಪಟ್ಟಿಯ ಪಾಟಾ ಹಾಕಿದೆ. ಆ ಭಾರಕ್ಕೆ ಅದೇ ಸರಿ. ಜೀಪು ಸಮ ನಿಂತಿತು, ಲೋಟದ ನೀರು ಮತ್ತೆ ಚೆಲ್ಲಲಿಲ್ಲ. ಮಾವನವರಿಗೆ ಕೈ ಮುಗಿದೆ. "ಇನ್ನ ಇದಕ್ಕ ಏನೂ ಹಾಕಬ್ಯಾಡ್ರಿ."

"ಏನೂ ಹಾಕಂಗಿಲ್ಲ," ಅಂತ ಮಾತು ಕೊಟ್ಟರು. ಮಾತು ಉಳಿಸಿಕೊಂಡರು ಕೂಡ.

ಕರೆದೊಯ್ಯುವ ದಿನ ಮುಂಜಾನೆ ಜೀಪು ಬಂದದ್ದು ನೋಡಿ ನಾನು ರಸ್ತೆಗೆ ಓಡಿದೆ. ಜೀಪು ಮುಗಿಲಿಗೆ ಮೂಗೆತ್ತಿ, ಒಂದೊಂದು ಹರಳಿಗೂ ಎಳೆಗರುವಿನಂತೆ ಜಿಗಿಯುತ್ತ ಬರುತ್ತಿದೆ. ಓಡಿಸುತ್ತಿದ್ದ ಭಾವನ ಹಲ್ಲು ಕಟಕಟ ಅನ್ನುತ್ತಿದ್ದವು. ಮಾವನವರ ರುಮಾಲು ದಾರಿಯಲ್ಲಿ ಮೂರು ಸಲ ಬಿದ್ದಿತ್ತಂತೆ. ಮುಂದೆ ಗಾರ್ಡೇ ಇಲ್ಲ!

"ಗಾರ್ಡ್ ಎಲ್ಲಿ ಹೋತ್ರಿ?"

"ನಾಕು ಮಂದಿ ಹಚ್ಚಿ ಬಿಚ್ಚಿ ಇಟ್ಟು ಬಂದೀನ್ರಿ. ಬಸುರಿ ಮಗಳು ಕುಂದ್ರೂ ಗಾಡಿ, ಹಗುರ ಇರ್ಲಿ ಅಂತ. ತೊಳಸೀನೂ ಬಂದೀನಿ ನೋಡ್ರಿ."

ನನಗೆ ಅಳು ಬಂತು. ಹೆಂಡತಿ ಹೊಸ್ತಿಲಲ್ಲಿ ನಿಂತು, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು, ನಮ್ಮ ಬೋರ್ಡನ್ನು ಮೊದಲಿಂದ ಕೊನೆಯ ತನಕ ಗಟ್ಟಿಯಾಗಿ ಓದಿದಳು. "ಊರ ಮಂದಿಗೆಲ್ಲಾ ಬರೆಸಿ ಹಾಕೀರಿ. ಮನಿ ಮಂದಿಗೆ ಒಂದ್ಸಲ ಓದಿ ಹೇಳಾಕ ಆಗಲಿಲ್ಲೇನ್ರಿ? ನಾ ಇದ್ರಾಗ ಹತ್ತಂಗಿಲ್ಲ."

ಪಾಟಾ ಬಿಚ್ಚಿ ಪಟ್ಟಿ ಕಡಿಮೆ ಮಾಡಲು ಮೂರು ತಾಸು ಬೇಕು. ರಾಹುಕಾಲಕ್ಕೆ ಇನ್ನು ಅರ್ಧ ತಾಸು. ಅದರೊಳಗೆ ಹೊರಡಲೇಬೇಕು ಅಂತ ಮಾವನವರ ಹಟ. ಪಕ್ಕದಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲಿನ ಪರಸಿ ಮಾರುವ ಚಾಚಾ ಇದ್ದಾರೆ. ಭಾರಕ್ಕೆಂದು ಅವರ ನಾಲ್ಕು ಪರಸಿ ತಂದು ಮಡ್ಗಾರ್ಡುಗಳ ಮೇಲೆ ಕಟ್ಟಿದೆವು. ಜೀಪು ಹತ್ತು ಮಾರು ಹೋಗುವಷ್ಟರಲ್ಲಿ ಎಲ್ಲವೂ ಜಾರಿದವು, ಒಂದು ಒಡೆಯಿತು.

ಚಾಚಾ ಗಡ್ಡ ನೀವಿಕೊಂಡು ಅಂದರು, "ಅರೆ ಭಾಯ್, ಪರಸಿ ಜಾರ್ತದ. ಮನಷ್ಯಾ ಆದ್ರ ಹಿಡ್ಕೊಂಡು ಕುಂದ್ರತಾನ."

ಎಲ್ಲರೂ ನನ್ನನ್ನೂ ಮಾವನವರನ್ನೂ ನೋಡಿದರು.

ಹೀಗೆ ಎಡಗಡೆಯ ಮಡ್ಗಾರ್ಡಿನ ಮೇಲೆ ಮಾವ, ಬಲಗಡೆ ನಾನು. ಮಾವ ದಪ್ಪ, ನಾನು ತೆಳ್ಳಗೆ. ಜೀಪು ಎಡಕ್ಕೆ ವಾಲಿತು. ಸಮ ಆಗಲಿ ಅಂತ ಚಾಚಾ ನನ್ನ ತೊಡೆಯ ಮೇಲೆ ಒಂದು ಪರಸಿ ಇಟ್ಟು ಹಗ್ಗದಿಂದ ಬಿಗಿದರು. ಅಳೆದು ನೋಡಿದೆ: ಎರಡು ಗೇಣು ನಾಲ್ಕು ಬೆರಳು. ಹೆಂಡತಿ ತುಂಬಿದ ಲೋಟ ಹಿಡಿದು ಹತ್ತಿ, ಅದನ್ನು ಪಕ್ಕದಲ್ಲಿಟ್ಟುಕೊಂಡಳು.

ಭಾವ ಎತ್ತಿನ ಗಾಡಿಯ ಹಾಗೆ ನಿಧಾನ ಓಡಿಸಿದ. ಚಿತ್ತಾಪುರದಲ್ಲಿ ಯಾರೋ ನಮ್ಮನ್ನು ಚುನಾವಣೆಗೆ ನಿಂತವರು ಅಂದುಕೊಂಡು ಕೈ ಮುಗಿದರು. ಮಾವ ತಿರುಗಿ ಮುಗಿದರು. ಸೇಡಂನಲ್ಲಿ ಅದೇ ಚಹಾ ಹೋಟೆಲಿನ ಮಂದಿಯೆಲ್ಲ ಮೊಬೈಲ್ ಹಿಡಿದು ಹೊರಗೆ ಬಂದರು. ಹಪ್ಪಳದ ಮಾತೆತ್ತಿದ್ದ ಗಿರಾಕಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಮಾವ ಮಾತ್ರ ಆ ಕಡೆ ನೋಡಲಿಲ್ಲ. ದಾರಿಯುದ್ದಕ್ಕೂ ಸಿಮೆಂಟ್ ಲಾರಿಗಳು ನಮ್ಮಿಬ್ಬರ ಮೇಲೆ ಧೂಳು ಸುರಿದು ಹೋದವು. ಹಿಂದಿನಿಂದ ಸಣ್ಣಗೆ ಗೊರಕೆ ಕೇಳಿಸಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಊರು ಮುಟ್ಟಿದೆವು. ಹೆಂಡತಿ ಎದ್ದು ಇಳಿದು ಲೋಟ ಎತ್ತಿ ತೋರಿಸಿದಳು. ತುಂಬಿದ್ದು ತುಂಬಿದಂತೆಯೇ ಇತ್ತು. "ಅಪ್ಪಾ, ಹೊಟ್ಟ್ಯಾಗಿನ ನೀರ ಅಲುಗಾಡಲಿಲ್ಲ ನೋಡು. ಇವರ ಪಾಟಾ ಅಂದ್ರ ಪಾಟಾ!"

ಮಾವನಿಗೂ ನನಗೂ ಕೈಕಾಲು ಮಡಚಲು ಬರುತ್ತಿರಲಿಲ್ಲ. ತಲೆಯಿಂದ ಪಾದದ ತನಕ ಬೂದುಬಣ್ಣವಾಗಿ, ಗಾರ್ಡು ಇರಬೇಕಾದ ಜಾಗದ ಹಿಂದೆ ಕುಂತೇ ಇದ್ದೆವು. ಆರತಿ ತಟ್ಟೆ ಹಿಡಿದು ಬಂದ ಅತ್ತೆ ನಮ್ಮನ್ನು ನೋಡಿ ಹೊಸ್ತಿಲಲ್ಲೇ ಗರ ಬಡಿದವರಂತೆ ನಿಂತರು.

ಹೆಂಡತಿ ನಮ್ಮಿಬ್ಬರನ್ನೂ ಒಂದು ಸಲ ಬೆರಳಿನಿಂದ ಬಡಿದು ನೋಡಿದಳು. ಆಮೇಲೆ ಅಂದಳು, "ಅವ್ವಾ, ಆರತಿ ಆಮ್ಯಾಲ ಮಾಡು. ಮೊದಲ ಇಬ್ಬರ ಮ್ಯಾಲೂ ಎರಡೆರಡು ಕೊಡ ನೀರು ಸುರುವು. ಇಲ್ಲಂದ್ರ ಬಿರುಕು ಬಿಡ್ತಾರ."