ಹುಮನಾಬಾದ್ ಮುಟ್ಟದ ಗಾಳಿ ಕಾರಿನ ತಯಾರಕರಿಗೆ

ಮಾನ್ಯರೇ,

ಪವನಜೀವ ಮೋಟಾರು ಕಂಪನಿಯ ನಿರ್ದೇಶಕರಾದ ತಮಗೆ ಬಸವಕಲ್ಯಾಣದ ಕಿರಾಣಿ ವ್ಯಾಪಾರಿ ಮಹಾರುದ್ರಪ್ಪನು ಎರಡೂ ಕೈ ಜೋಡಿಸಿ ಮಾಡುವ ಶರಣುಗಳು. ತಾವು ಕ್ಷೇಮವಾಗಿದ್ದೀರೆಂದೂ ತಮ್ಮ ಗಾಳಿಯ ಟಾಕಿಗಳು ಸದಾ ತುಂಬಿರುತ್ತವೆಂದೂ ನಂಬಿದ್ದೇನೆ. ನಮ್ಮ ಮನೆಯಲ್ಲಿ ಕಾರೊಂದನ್ನು ಬಿಟ್ಟು ಉಳಿದವರೆಲ್ಲ ಆರಾಮ.

ಒತ್ತಿ ತುಂಬಿದ ಗಾಳಿಯಿಂದ ಓಡುವ ತಮ್ಮ ಕಾರನ್ನು ನಾನು ಯಾರ ಮಾತೂ ಕೇಳದೆ, ಸ್ವಂತ ಬುದ್ಧಿಯಿಂದಲೇ ಕೊಂಡೆನೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಪೆಟ್ರೋಲು ಬೇಡ, ಡೀಸೆಲ್ ಬೇಡ, ಗಾಳಿ ಎಲ್ಲೆಲ್ಲೂ ಪುಕ್ಕಟೆ ಎಂದು ತಮ್ಮವರು ಹೇಳಿದಾಗ, ನಮ್ಮ ಕಡೆಯ ಪಂಕ್ಚರ್ ಅಂಗಡಿಯವರು ತೇಪೆ ಹಚ್ಚಿದ್ದಕ್ಕೆ ದುಡ್ಡು ಕೇಳಿದರೂ ಗಾಳಿ ಹೊಡೆದಿದ್ದಕ್ಕೆ ಕೇಳುವುದಿಲ್ಲವೆಂಬುದು ನೆನಪಾಗಿ, ಇನ್ನು ಸಾಯುವತನಕ ಪುಕ್ಕಟೆ ತಿರುಗಬಹುದೆಂದು ಹಿಗ್ಗಿದೆ. ಟಾಕಿ ತುಂಬಲು ತಾವು ಕಳಿಸಿದ ಯಂತ್ರ ಮಾತ್ರ ಡೀಸೆಲ್ ಕುಡಿಯುತ್ತಿತ್ತು, ಅದರ ಹೊಗೆಗೆ ಇಡೀ ಓಣಿ ಕೆಮ್ಮಿತು; ಆದರೆ ಕಾರು ಒಂದು ಎಳೆ ಹೊಗೆಯನ್ನೂ ಬಿಡಲಿಲ್ಲ. ತಾವು ಮಾತಿಗೆ ತಪ್ಪುವವರಲ್ಲ.

ಹುಮನಾಬಾದಿನಲ್ಲಿರುವ ನನ್ನ ತಂಗಿ ಜಯಮಾಲಾಳ ಹಿರಿಯ ಮಗಳು ವಿಜಯಶ್ರೀಯ ಮದುವೆ ಕಳೆದ ಮಾರ್ಚಿನಲ್ಲಿತ್ತು. ನಮ್ಮಲ್ಲಿ ಮುಹೂರ್ತದ ಅಕ್ಕಿಕಾಳು ಬೀಳುವಾಗ ಸೋದರಮಾವ ಮದುಮಗಳ ಬೆನ್ನ ಹಿಂದೆ ನಿಲ್ಲಬೇಕು. ಜಯಮಾಲಾಳಿಗೆ ಇರುವವನು ನಾನೊಬ್ಬನೇ ಅಣ್ಣ, ಆ ಹುಡುಗಿಗೆ ಇರುವವನು ನಾನೊಬ್ಬನೇ ಮಾವ. ಗಾಳಿ ಕಾರಿನಲ್ಲೇ ಬಂದು ನಿಲ್ಲುತ್ತೇನೆಂದು ನಾನು ಬೀಗರ ಎದುರಿಗೆ ಮೂರು ಸಲ ಹೇಳಿಬಿಟ್ಟಿದ್ದೆ.

ಅಂದು ಬೆಳಿಗ್ಗೆ ಮದುವೆಗೆ ಹೊರಟವರೆಲ್ಲ ನಮ್ಮ ಅಂಗಳದಲ್ಲಿ ಸೇರಿದ್ದರು. ಒತ್ತಿಟ್ಟ ಗಾಳಿ ಹೊರಬಂದು ಹಿಗ್ಗಿದರೆ ತಣ್ಣಗಾಗುತ್ತದೆಂದು ಕಾರಿನ ಜೊತೆಗಿನ ಪುಸ್ತಕದಲ್ಲಿ ತಾವೇ ಬರೆದಿದ್ದೀರಿ; ಎಂಜಿನ್ ಚಾಲೂ ಮಾಡಿದೊಡನೆ ಹಿಂದಿನ ಕೊಳವೆಯಿಂದ ಬಂದ ತಂಪಿಗೆ, ಆ ಬಿಸಿಲಿನಲ್ಲಿ, ಎಲ್ಲರೂ ಕುರ್ಚಿ ಎತ್ತಿಕೊಂಡು ಕಾರಿನ ಬಾಲಕ್ಕೆ ಬಂದು ಕೂತರು. "ಅಣ್ಣಾರ, ಇನ್ನೊಂದೀಟು ಬಿಡ್ರಿ, ಜೀವ ತಂಪಾಗಾಕತ್ತದ" ಎಂದರು ಪಕ್ಕದ ಮನೆಯ ಕಾಂತಾಬಾಯಿ. ಬಾಗಿಲಿಗೆ ಬಂದವರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವ ರೂಢಿ ನಮ್ಮ ಮನೆತನದಲ್ಲಿ ಇಲ್ಲ. ಮುಕ್ಕಾಲು ತಾಸು ಬಿಟ್ಟೆ. ಕಾಂತಾಬಾಯಿಯವರು ಕೊನೆಗೆ ಶಾಲು ತರಿಸಿಕೊಂಡರು.

ಅವರನ್ನೆಲ್ಲ ಜೀಪಿನಲ್ಲಿ ಮುಂದೆ ಕಳಿಸಿ ನಾನೂ ನನ್ನ ಮನೆಯವಳು ಮೀರಾಬಾಯಿಯೂ ಹೊರಟೆವು. ಕಾರು ಹನ್ನೊಂದು ಕಿಲೋಮೀಟರು ಅತ್ಯಂತ ಸಭ್ಯವಾಗಿ ಓಡಿ, ಹೆದ್ದಾರಿಯ ಬದಿಯಲ್ಲಿ ಒಂದು ನಿಟ್ಟುಸಿರು ಬಿಟ್ಟು ನಿಂತಿತು. ಎದುರಿಗೇ ಮಹೆಬೂಬನ ಪಂಕ್ಚರ್ ಅಂಗಡಿ ಇತ್ತು. ಅವನು ಏನೇನೋ ಹಳೆಯ ತುಂಡು ಹುಡುಕಿ ಪೈಪು ಕೂಡಿಸಿ, ಡೀಸೆಲ್ ಕಂಪ್ರೆಸರನ್ನು ಅರ್ಧ ತಾಸು ಓಡಿಸಿದ. ಟಾಕಿಯ ಮುಳ್ಳು ಅಲುಗಲಿಲ್ಲ. "ಸಾಹೇಬ್ರ, ನಂದು ಟಯರಿನ ಗಾಳಿ ಅದ, ನಿಮ್ಮ ಟಾಕಿಗಿ ಇದು ಮೂಗಿಗೂ ಸಾಲಂಗಿಲ್ಲ. ಈ ಡೀಸೆಲ್ ಸೀದಾ ಒಂದ್ ಗಾಡಿಗಿ ಹಾಕಿದ್ರ ಇಷ್ಟೊತ್ತಿಗಿ ಹುಮನಾಬಾದ್ ದಾಟಿ ಹೋಗ್ತಿದ್ರಿ" ಎಂದ. ತಮ್ಮ ಎಂಜಿನಿಯರುಗಳು ಎಷ್ಟೋ ವರ್ಷ ಓದಿದ್ದನ್ನು ಅವನು ಕೈ ಒರೆಸಿಕೊಳ್ಳುತ್ತ ಹೇಳಿ ಮುಗಿಸಿದ.

ಮೀರಾಬಾಯಿ ಮದುಮಗಳ ಸೀರೆಯ ಗಂಟು ಎತ್ತಿಕೊಂಡು, ಅಷ್ಟರಲ್ಲಿ ಬಂದ ಬಸ್ಸು ಹತ್ತಿದಳು. ನಾನು ಹತ್ತಲಿಲ್ಲ. ಬಸ್ಸಿನ ಕಿಟಕಿಗಳಲ್ಲೆಲ್ಲ ಬೀಗರ ಮುಖಗಳೇ ಕಂಡಂತಾಗಿ ನಾಚಿಕೆಯಾಯಿತು. ಕೊನೆಗೆ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಹೊರಟಿದ್ದ ಟ್ರ್ಯಾಕ್ಟರಿನವರು ಹಗ್ಗ ಕಟ್ಟಿ ಎಳೆದರು. ಹುಮನಾಬಾದ್ ಮುಟ್ಟಿದಾಗ ಮದುವೆಯ ಜನ ಊಟ ಮಾಡಿ ಕೈ ತೊಳೆಯುತ್ತಿದ್ದರು. ಮುಹೂರ್ತ ಮೀರುತ್ತದೆಂದು, ಮಂಟಪಕ್ಕೆ ಕೂಲರ್ ಕೂಡಿಸಲು ಬಂದಿದ್ದ ವೀರಭದ್ರನೆಂಬವನನ್ನು ಮದುಮಗಳ ಹಿಂದೆ ನಿಲ್ಲಿಸಿದ್ದರು. ಫೋಟೋಗಳಲ್ಲಿ ಅವನು ನನಗಿಂತ ಚೆನ್ನಾಗಿ ಕಾಣುತ್ತಾನೆ. "ಒಂದ್ ಬಸ್ಸಿಗಿ ಹತ್ತಾಕ ಬರ್ತಿದ್ದಿಲ್ಲೇನು, ಅಣ್ಣಾ?" ಎಂದು ಜಯಮಾಲಾ ಅಷ್ಟೇ ಕೇಳಿ ಒಳಗೆ ಹೋದಳು. ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ.

ಗಾಳಿಯನ್ನು ಅನಧಿಕೃತವಾಗಿ ಅತಿಥಿಗಳ ಸೇವೆಗೆ ಬಳಸಿದ್ದೇ ಕಾರಣವೆಂದೂ, ಸಪಾಟು ರಸ್ತೆಯಲ್ಲಿ, ಒಬ್ಬರೇ ಕೂತು, ನಿಧಾನವಾಗಿ, ಎದುರುಗಾಳಿ ಇಲ್ಲದಿದ್ದರೆ ಕಾರು ಇನ್ನೂ ದೂರ ಹೋಗುತ್ತಿತ್ತೆಂದೂ ನನ್ನ ಮೊದಲ ದೂರಿಗೆ ತಾವು ದಯಮಾಡಿ ಉತ್ತರಿಸಿದ್ದೀರಿ. ಮೊದಲನೆಯದು ನನ್ನ ತಪ್ಪೇ. ಎರಡನೆಯದಕ್ಕೆ, ಗಾಳಿಯಿಂದ ಓಡುವ ಕಾರಿಗೆ ಗಾಳಿಯೇ ಅಡ್ಡಿಯೆಂಬ ತಮ್ಮ ಪ್ರಾಮಾಣಿಕತೆಗೆ ತಲೆಬಾಗುತ್ತೇನೆ.

ಆದ್ದರಿಂದ ನನ್ನ ಸಣ್ಣ ಬಿನ್ನಹಗಳು. ಹುಮನಾಬಾದನ್ನು ಹನ್ನೊಂದನೇ ಕಿಲೋಮೀಟರಿಗೆ ತಂದಿಡಿಸಬೇಕು. ಅದಕ್ಕೆ ಸರ್ಕಾರದ ಅಪ್ಪಣೆ ಸಿಗದಿದ್ದರೆ ಜಯಮಾಲಾಳ ಮನೆಯನ್ನಾದರೂ ತರಿಸಬೇಕು. ಅದೂ ಆಗದಿದ್ದಲ್ಲಿ ರಸ್ತೆಯನ್ನು ಹೋಗುವಾಗಲೂ ಬರುವಾಗಲೂ ಇಳಿಜಾರು ಮಾಡಿಸಬೇಕು. ಇಲ್ಲವೇ ಗಾಳಿ ತುಂಬುವ ಯಂತ್ರ ಹೊತ್ತ ಡೀಸೆಲ್ ಲಾರಿಯೊಂದನ್ನು ಕಾರಿನ ಬೆನ್ನಿಗೆ ಕಳಿಸಿದರೆ, ನಾವು ಆ ಲಾರಿಯಲ್ಲೇ ಕೂತು ತಮ್ಮ ಕಾರಿನ ಹಿಂದೆ ಗೌರವದಿಂದ ಹೋಗುತ್ತೇವೆ. ಇದ್ಯಾವುದೂ ಸಾಧ್ಯವಾಗದಿದ್ದರೆ ಕಾರನ್ನು ನನ್ನ ಬಾಗಿಲಿನಿಂದ ಒಯ್ಯಿರಿ, ಒಳಗಿರುವ ಗಾಳಿ ತಮಗೇ ಇರಲಿ.

ಇಂತು, ಗಾಳಿಯನ್ನು ಇನ್ನು ಉಸಿರಾಡಲಷ್ಟೇ ಬಳಸುವ ತಮ್ಮ ವಿಶ್ವಾಸಿ,
ಮಹಾರುದ್ರಪ್ಪ

ತಾ.ಕ.: ಮೊನ್ನೆ ಜಯಮಾಲಾ ತಾನೇ ಬಂದು ಕಿರಿಯ ಮಗಳ ಲಗ್ನಪತ್ರಿಕೆ ನನ್ನ ಕೈಗಿಟ್ಟು, "ಈ ಸಲ ನೀನೇ ನಿಂದ್ರಬೇಕಣ್ಣಾ" ಎಂದಳು. ಮದುವೆ ಭಾನುವಾರ, ನಾನು ಶುಕ್ರವಾರ ನಸುಕಿಗೇ ನಡೆದುಕೊಂಡು ಹೊರಡುತ್ತೇನೆ. ನನ್ನ ದೂರಿನ ತಪಾಸಣೆಗೆ ಅದೇ ದಿನ ತಮ್ಮ ಎಂಜಿನಿಯರರು ಡೀಸೆಲ್ ಜೀಪಿನಲ್ಲಿ ಬರುತ್ತಾರೆಂದು ತಿಳಿಯಿತು. ದಾರಿಯಲ್ಲಿ ನಾನು ಕಂಡರೆ ಜೀಪು ಹತ್ತಿರೆಂದು ಒತ್ತಾಯ ಮಾಡಬಾರದೆಂದು ಅವರಿಗೆ ತಿಳಿಸಿರಿ. ಬಸ್ಸಿಗೂ ನಾನು ಒಲ್ಲೆ ಎಂದಿದ್ದೇನೆ. ಅವುಗಳ ಚಕ್ರಗಳಲ್ಲೂ ಇರುವುದು ಗಾಳಿಯೇ ಅಲ್ಲವೇ?