ಬೋಳು ಟೈರು, ಬೋಳಿಸಿದ ಟೈರು

ಪಟ್ಟಾಭಿರಾಮರಿಗೆ ಸಿಟ್ಟು ಬಂದದ್ದು ಟೈರು ಬೋಳಾಗಿದೆ ಎಂದದ್ದಕ್ಕಲ್ಲ. ಹಾಗೆಂದ ಹುಡುಗ ಮೊದಲು ಟೈರನ್ನು ನೋಡಿ, ಆಮೇಲೆ ಅವರ ತಲೆಯನ್ನು ನೋಡಿ, ಮತ್ತೆ ಟೈರನ್ನು ನೋಡಿದ್ದಕ್ಕೆ.

ಅದು ಹೋದ ತಿಂಗಳ ಮಾತು. ವೈಟ್‌ಫೀಲ್ಡಿನ ಟೆಕ್ ಪಾರ್ಕೊಂದರ ಹಿಂದಿನ ಅಂಗಳದಲ್ಲಿ ಸ್ಪೋರ್ಟ್ಸ್ ಕಾರಿನ ಹುಡುಗರ ಕ್ಲಬ್ಬೊಂದು ಸೇರುತ್ತದೆ. ತಿಂಗಳಿಗೊಂದು ಭಾನುವಾರ ಬೆಳಗ್ಗೆ ಸಾಲಾಗಿ ಕೋಲಾರದ ದಾರಿ ಹಿಡಿದು ಓಡಿಸುತ್ತಾರೆ. ಹಿಂದಿನ ದಿನ ಸಂಜೆ ಐದರೊಳಗೆ ಗಾಡಿಗಳ ತಪಾಸಣೆ. ತಪಾಸಣೆಯ ಹುಡುಗ ಸಿದ್ದಾರ್ಥ್, "ಅಂಕಲ್, ಟೈರ್ ಫುಲ್ ಬೋಳಾಗಿದೆ. ನೆಕ್ಸ್ಟ್ ಟೈಮ್ ಬನ್ನಿ" ಎಂದು ನಿಯಮಗಳ ಹಾಳೆಯೊಂದನ್ನು ಕೈಗಿಟ್ಟು ಕಳಿಸಿದ್ದ. ಹಾಳೆಯಲ್ಲಿ ಒಂಬತ್ತು ನಿಯಮಗಳಿದ್ದವು. ಟೈರಿನ ಗೀರು ಎಷ್ಟು ಆಳವಿರಬೇಕೆಂಬುದು ಮೂರನೆಯದು. ಅಷ್ಟು ಓದಿ ಪಟ್ಟಾಭಿರಾಮರು ಹಾಳೆ ಮಡಚಿ ಜೇಬಿಗೆ ತುರುಕಿದರು. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರಾಗಿ ಕಂಡವರ ಮಾಲನ್ನೆಲ್ಲ ತಪಾಸಣೆ ಮಾಡಿದವರಿಗೆ ಮೀಸೆ ಬಲಿಯದ ಹುಡುಗ ನಿಯಮ ಕಲಿಸುವುದೇ?

ನಿವೃತ್ತಿಯಲ್ಲಿ ಬಂದ ಗಂಟಿನಲ್ಲಿ ಬಾಗಲಗುಂಟೆಯ ಅವರ ಓರಗೆಯವರೆಲ್ಲ ಮನೆಯ ಮೇಲೊಂದು ಮನೆ ಎಬ್ಬಿಸಿ ಬಾಡಿಗೆಗೆ ಬಿಟ್ಟರು. ಪಟ್ಟಾಭಿರಾಮರು ಮಾತ್ರ, ಬಾಗಿಲು ಮುಚ್ಚಿದ ಸ್ಟಾರ್ಟಪ್ಪಿನವನೊಬ್ಬನಿಂದ ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗುವ ಹಳದಿ ಸ್ಪೋರ್ಟ್ಸ್ ಕಾರು ಕೊಂಡರು. ಸ್ಕೂಟರು, ಲಗೇಜ್ ಆಟೋಗಳ ನಡುವೆ ಅದು, ತಿಥಿ ಊಟದ ಪಂಕ್ತಿಯಲ್ಲಿ ಮದುವಣಗಿತ್ತಿ ಕೂತ ಹಾಗೆ ಕಾಣುತ್ತಿತ್ತು.

ಆ ಬೀದಿಯ ಮುಕ್ಕಾಲು ಮನೆಗಳು ಅದೇ ಕಾರ್ಖಾನೆಯವರವು. ಕಾರ್ಖಾನೆ ಅವರನ್ನು ಬಿಟ್ಟರೂ ಅವರು ಕಾರ್ಖಾನೆಯನ್ನು ಬಿಟ್ಟಿರಲಿಲ್ಲ. ಸೊಳ್ಳೆಪರದೆಯಿಂದ ಹಿಡಿದು ಸೀಮಂತದ ಅಡುಗೆಯವರವರೆಗೆ ಯಾರಿಗೆ ಏನೇ ಬೇಕಾದರೂ ಇಂಡೆಂಟ್ ಎಂಬ ಬೇಡಿಕೆ ಚೀಟಿ ಬರೆದು, ಮೂರು ಕೊಟೇಷನ್ ತರಿಸಿ, ಅಕ್ಕಪಕ್ಕ ಬರೆದು ತಾಳೆ ನೋಡಿ, ಅರಳಿಕಟ್ಟೆಯ ಮೇಲೆ ಸಮಿತಿ ಕೂರಬೇಕು. ಎಲ್ಲರಿಗಿಂತ ಕಡಿಮೆ ದರ ಹೇಳಿದವನು ಎಲ್-ಒನ್. ಎಲ್-ಒನ್ ಎಂದರೆ ಮುಗಿಯಿತು, ಅವನಿಗೇ ಹಾರ.

ಸಮಿತಿಯ ಅಧ್ಯಕ್ಷ ದ್ಯಾಮಣ್ಣ. ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದವರು, ಈಗ ಪಟ್ಟಾಭಿರಾಮರ ಎದುರು ಮನೆ. ಈ ತಿಂಗಳ ತಪಾಸಣೆಯ ಶನಿವಾರ ಬೆಳಗ್ಗೆ ಪಟ್ಟಾಭಿರಾಮರು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಕಂಕುಳಲ್ಲಿ ಫೈಲಿಟ್ಟುಕೊಂಡು ದಾಟಿ ಬಂದರು.

"ಪಟ್ಟಾಭಿಯವ್ರೇ, ಟೈರ್ ತಗೊಳಕ್ಕೆ ಒಂಟಿದ್ದೀರಂತೆ. ಇಂಡೆಂಟ್ ಎಲ್ಲಿ?"

"ಕಾರು ನಂದು, ಟೈರು ನಂದು. ಇಂಡೆಂಟ್ ನನ್ನ ತಲೇಲಿದೆ."

ದ್ಯಾಮಣ್ಣ ಆ ತಲೆಯನ್ನೊಮ್ಮೆ ನೋಡಿದರು. "ಅಲ್ಲಿ ಏನಾರ ಇದ್ದಿದ್ರೆ ಕಾಣ್ತಿತ್ತಲ್ಲ. ಆಗ್ಲೇ ಎಲ್ಡು ಕೊಟೇಷನ್ ತರ್ಸಿವ್ನಿ. ಮೂರ್ನೇದು ಗೊರಗುಂಟೆಪಾಳ್ಯದ್ದು, ಸಂಜೆಗೆ ಬತ್ತದೆ. ಯಾರೋ ಶೋಕಿ ಹುಡ್ಗ ಹಾಕಿಸ್ಕೊಂಡು ಒಂದಿನ ಓಡ್ಸಿ, ಬ್ಯಾಡ ಅಂತ ಬಿಚ್ಚಾಕ್ಬುಟ್ಟವ್ನಂತೆ. ಒಸಾವಿದ್ದಂಗೇ ಅವೆ. ವಸಿ ತಡೀರಿ."

"ಇನ್ನೊಬ್ಬ ಮೆಟ್ಟಿ ಬಿಟ್ಟ ಚಪ್ಪಲಿ ನನ್ನ ಕಾರಿಗಾ? ಕೇಳಿ ದ್ಯಾಮಣ್ಣ. ಮೂವತ್ತನಾಲ್ಕು ವರ್ಷ ನಾನು ಬೇಡ ಅಂದ ಬೇರಿಂಗು, ಬೇಡ ಅಂದ ಬೋಲ್ಟು, ಎಲ್ಲಾ ನೀವು ಎಲ್-ಒನ್ ಅಂತ ತಂದು ನನ್ನ ಕೈಲೇ ಸೈನ್ ಹಾಕ್ಸಿದ್ರಿ. 'ಪಟ್ಟಾಭಿಯವ್ರೇ, ನೋಡಿಲ್ಲ ಅನ್ಕಂಡ್ ಆಕ್ಬುಡಿ.'" ದ್ಯಾಮಣ್ಣನ ದನಿ, ದ್ಯಾಮಣ್ಣನ ಕತ್ತಿನ ಕೊಂಕು, ಎರಡೂ ಅಚ್ಚೊತ್ತಿದಂತೆ ಬಂದವು. "ಜೀವನದಲ್ಲಿ ಒಂದು ವಸ್ತು, ಒಂದೇ ಒಂದು, ನಾನಾಗಿ ನೋಡಿ, ಅಳೆದು, ಬೇಕು ಅಂತ ತಗೊಳ್ತೀನಿ. ಇವತ್ತು ಆ ದಿನ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ವೆಂಕಟಲಕ್ಷ್ಮಿ, "ಒಂದೇ ಒಂದು ಅಂದ್ರೆ? ನನ್ನನ್ನ ನೋಡಿ ತಗೊಳ್ಳಲಿಲ್ವಾ?" ಎಂದರು.

"ನಿನ್ನನ್ನ ನಮ್ಮಪ್ಪ ನೋಡಿದ್ದು."

"ಹಾಗೆ ಬನ್ನಿ. ನಮ್ಮಪ್ಪನೂ ಮೂರು ಗಂಡು ನೋಡಿದ್ರು. ಒಬ್ಬ ಸ್ಕೂಟರ್ ಕೇಳಿದ, ಒಬ್ಬ ಸೈಟ್ ಕೇಳಿದ, ನೀವು ಒಂದು ಕೈಗಡಿಯಾರ ಕೇಳಿದ್ರಿ. ನೀವೇ ಎಲ್-ಒನ್."

ದ್ಯಾಮಣ್ಣ ಮೆಚ್ಚುಗೆಯಿಂದ ತಲೆಯಾಡಿಸಿದರು. ಪಟ್ಟಾಭಿರಾಮರು ಬೀದಿಗೆಲ್ಲ ಕೇಳುವಂತೆ ಇಂಜಿನ್ ಗುಡುಗಿಸಿ, ನಡಿಗೆಯ ವೇಗದಲ್ಲಿ ಹೊರಟರು. ಮುಂದೆ ಹಸುವೊಂದು ಹೋಗುತ್ತಿತ್ತು.

ಪೀಣ್ಯದ ಅಂಬರೀಶನ ಟೈರ್ ಅಂಗಡಿಯಲ್ಲಿ ಅವರು ಕನ್ನಡಕ ಏರಿಸಿ, ನಿವೃತ್ತಿಯ ದಿನ ಶಾಲಿನ ಜೊತೆ ಸಿಕ್ಕಿದ್ದ ವರ್ನಿಯರ್ ಕ್ಯಾಲಿಪರ್ ಹೊರತೆಗೆದರು. ಕೂದಲಿನ ದಪ್ಪವನ್ನೂ ಅಳೆಯುವ ಸಾಧನ. ಸ್ವಂತಕ್ಕೆ ಅಳೆಯಲು ಕೂದಲಿರಲಿಲ್ಲ, ಅಷ್ಟೆ.

ಮೊದಲ ಟೈರಿನ ಪಕ್ಕೆಯಲ್ಲಿ ಒತ್ತಿದ್ದ ನಾಲ್ಕು ಅಂಕಿಗಳನ್ನು ಓದಿದರು. "ಇದು ಹುಟ್ಟಿ ಮೂರು ವರ್ಷ ಆಯ್ತಲ್ರೀ. ಅನ್ನಪ್ರಾಶನ, ಚೌಲ ಎಲ್ಲಾ ಮುಗಿದಿದೆ. ರಿಜೆಕ್ಟ್."

ಎರಡನೆಯದರ ಅಗಲ ಅರ್ಧ ಮಿಲಿಮೀಟರ್ ಕಡಿಮೆ ಬಂತು. ರಿಜೆಕ್ಟ್. ಮೂರನೆಯದರ ಮೇಲಿನ ವೇಗದ ಅಕ್ಷರ ಹಿಡಿಸಲಿಲ್ಲ. "ನಂಗೆ ವೈ ಇರೋದು ಬೇಕು. ಗಂಟೆಗೆ ಮುನ್ನೂರು ಕಿಲೋಮೀಟರ್ ತಡಕೊಳ್ಳೋದು."

"ವೈ ಸಾರ್?" ಎಂದ ಅಂಬರೀಶ. "ಬಾಗಲಗುಂಟೇಲಿ ಮುನ್ನೂರಾ? ಅಲ್ಲಿ ಹಸು ಎದ್ದು, ಮೈ ಮುರಿದು, ಆ ಕಡೆ ಹೋಗೋವರ್ಗೂ ಕಾಯ್ಬೇಕು."

"ಕಾಯ್ತೀನಿ. ಮುನ್ನೂರರ ಟೈರಲ್ಲಿ ಕಾಯ್ತೀನಿ."

"ಹೆಣ್ಣು ನೋಡೋಕ್ ಬಂದೋರೂ ಇಷ್ಟು ನೋಡಲ್ಲ ಸಾರ್. ಒಂದು ಹಾಡು ಹೇಳ್ಸಿ, ಉಪ್ಪಿಟ್ಟು ತಿಂದು ಹೋಗ್ತಾರೆ." ಹಾಗಂದರೂ ಅಂಬರೀಶ ಏಣಿ ಹತ್ತಿ ಅಟ್ಟದಿಂದ ಹೊಚ್ಚ ಹೊಸ ನಾಲ್ಕನ್ನು ಇಳಿಸಿದ. ಮುಂದಿನವೆರಡು ಕೊಂಚ ಸಣ್ಣ, ಹಿಂದಿನವೆರಡು ಅಗಲ, ಸ್ಪೋರ್ಟ್ಸ್ ಕಾರಿಗೆ ಇರಬೇಕಾದ ಹಾಗೆಯೇ. ಪಟ್ಟಾಭಿರಾಮರು ಅಳೆದರು, ಮೂಸಿದರು, ಉಗುರಲ್ಲಿ ಒತ್ತಿದರು. ಕೊನೆಗೆ ಮೂವತ್ತನಾಲ್ಕು ವರ್ಷಗಳಲ್ಲಿ ಮನಸ್ಸಿಟ್ಟು ಎಂದೂ ಹೇಳದಿದ್ದ ಮಾತು ಹೇಳಿದರು: "ಪಾಸ್." ನಾಲ್ಕೂ ಟೈರಿನ ನಂಬರು, ದಿನಾಂಕ, ಗಂಟೆ ಸಮೇತ ಬಿಲ್ ಬರೆಸಿಕೊಂಡರು. ಹನ್ನೊಂದು ನಲವತ್ತು.

"ಸಾರ್, ಶುರುಗೆ ಒಂದಿನ್ನೂರು ಕಿಲೋಮೀಟರ್ ಮೆಲ್ಲಗೆ ಹೋಗಿ," ಎಂದ ಅಂಬರೀಶ. "ಹೊಸ ಚಪ್ಪಲಿ ಇದ್ದಂಗೆ. ಜಾರುತ್ತೆ."

ಅನಾಹುತ ಊಟವಾದ ಮೇಲೆ ಶುರುವಾಯಿತು. ಮನೆ ಮುಂದೆ ನಿಂತ ಟೈರನ್ನು ಪ್ರೀತಿಯಿಂದ ಸವರುತ್ತಿದ್ದ ಪಟ್ಟಾಭಿರಾಮರ ಕೈಗೆ ಏನೋ ಚುಚ್ಚಿತು. ಬಗ್ಗಿ ನೋಡಿದರೆ ಟೈರಿನ ತುಂಬ ರಬ್ಬರಿನ ಸಣ್ಣ ಸಣ್ಣ ಕೂದಲು. ಹೊಸ ಟೈರಿಗೆಲ್ಲ ಇರುತ್ತವೆ. ಅಚ್ಚಿನಿಂದ ತೆಗೆಯುವಾಗ ಉಳಿದದ್ದು, ಓಡಿದಂತೆ ತಾನೇ ಸವೆದು ಹೋಗುತ್ತದೆ. ಆದರೆ ಇನ್‌ಸ್ಪೆಕ್ಟರ ಕಣ್ಣಿಗೆ ಅದು ಕೂದಲಲ್ಲ. ಅಚ್ಚಿನಿಂದ ಬಂದ ಯಾವ ವಸ್ತುವಿನಲ್ಲೂ ಹೀಗೆ ಉಳಿದ ಮುಳ್ಳಿಗೆ ಕಾರ್ಖಾನೆಯಲ್ಲಿ 'ಬರ್' ಎಂದು ಹೆಸರು. ಬರ್ ತೆಗೆಯದೆ ಒಂದು ಮೊಳೆಯನ್ನೂ ಅವರು ಹೊರಬಿಟ್ಟವರಲ್ಲ.

"ಲಕ್ಷ್ಮೀ, ನೈಲ್ ಕಟರ್ ತಾರೇ. ಬ್ಲೇಡೂ ತಾ."

ಮೆಟ್ಟಿಲ ಮೇಲಿನ ಮಣೆ ಚಕ್ರದ ಮುಂದೆ ಬಂತು. ಪಟ್ಟಾಭಿರಾಮರು ಕೂತು ಒಂದೊಂದೇ ಎಳೆ ಕತ್ತರಿಸತೊಡಗಿದರು. ಕಣ್ಣಿಗೆ ಕಂಡಷ್ಟು ಮುಗಿದ ಮೇಲೆ ಕಾರನ್ನು ಒಂದಿಷ್ಟು ಮುಂದೆ ನೂಕಿ, ಅಡಿಗಿದ್ದ ಭಾಗ ಮೇಲೆ ಬಂದರೆ ಮತ್ತೆ ಕತ್ತರಿ. ಹತ್ತು ನಿಮಿಷದಲ್ಲಿ ಬೀದಿ ಜಮಾಯಿಸಿತು. ಹೂ ಮಾರುವ ಪಿಳ್ಳಮ್ಮ ಬುಟ್ಟಿ ಇಳಿಸಿ ಗಲ್ಲಕ್ಕೆ ಕೈಯಿಟ್ಟು ನಿಂತಳು.

"ಇದ್ಯಾವ್ ದ್ಯಾವ್ರಿಗೆ ಸ್ವಾಮಿ ಮುಡಿ? ತಿರ್ಪತಿಗೋ, ಮಾದಪ್ಪಂಗೋ?"

"ಫಿನಿಷಿಂಗ್ ಅಂತಾರೆ ಇದಕ್ಕೆ. ನಿಂಗೆ ತಿಳಿಯಲ್ಲ."

"ಅಂಗಾರೆ ಕಿವೀನೂ ಚುಚ್ಚಿಸ್ಬುಡಿ, ಒಂದೇ ಖರ್ಚಲ್ಲಿ ಆಯ್ತದೆ."

ಕಾರು ನೂಕಲು ನಿಂತವರು ದ್ಯಾಮಣ್ಣ. ವೈರಿಯಾದರೂ ಸಹೋದ್ಯೋಗಿ. "ಸಾಕಾ, ಇನ್ನೊಂದ್ ಗೇಣು ನೂಕ್ಲಾ? ಪಟ್ಟಾಭಿಯವ್ರೇ, ಕಂಪ್ನಿಯೋರು ಬಿಟ್ಟಿರೋ ಕೂದ್ಲು, ಏನೋ ಕಾರಣಕ್ಕೆ ಬಿಟ್ಟಿರ್ತಾರೆ."

"ನಿಮ್ಮ ಎಲ್-ಒನ್ ಸಪ್ಲೈಯರ್‌ಗಳೂ ಹಿಂಗೇ ಹೇಳ್ತಿದ್ರು. ನೂಕಿ."

ಎರಡು ಗಂಟೆಗೆ ನಾಲ್ಕೂ ಟೈರುಗಳು ಯಜಮಾನರ ತಲೆಯಂತೆಯೇ ನುಣ್ಣಗಾದವು. ಎರಡೂಕಾಲಿಗೆ ದಂಪತಿ ಹೊರಟರು. ವೆಂಕಟಲಕ್ಷ್ಮಿ ಆ ಕಾರಿನಲ್ಲಿ ಕೂರುವುದಲ್ಲ, ಬಾವಿಗೆ ಇಳಿದ ಹಾಗೆ ಇಳಿಯುವುದು. ದಾರಿಯುದ್ದಕ್ಕೂ ಅವರಿಗೆ ಕಂಡದ್ದು ಅಕ್ಕಪಕ್ಕದ ಲಾರಿಗಳ ನಟ್ಟು ಬೋಲ್ಟು ಮಾತ್ರ. ಮುನ್ನೂರು ತಡೆಯುವ ಟೈರಿನ ಮೇಲೆ ಹನ್ನೆರಡರ ವೇಗದಲ್ಲಿ ಹೋಗುತ್ತಿದ್ದ ಕಾರನ್ನು ಬಿರಿಯಾನಿ ತಲುಪಿಸುವ ಹುಡುಗನೊಬ್ಬ ಹಿಂದೆ ಹಾಕಿದ, ಬಿರಿಯಾನಿ ಕೊಟ್ಟು ವಾಪಸ್ಸು ಬರುವಾಗ ಎದುರಿಗೆ ಸಿಕ್ಕು ನಕ್ಕ. ವೈಟ್‌ಫೀಲ್ಡ್ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ.

ಸಿದ್ದಾರ್ಥ್ ಕುಕ್ಕರಗಾಲಲ್ಲಿ ಕೂತು ಗೀರಿನ ಆಳ ಅಳೆದ. ಅಂಗೈಯಿಂದ ಟೈರು ಸವರಿದ. ಮುಖ ಅರಳಿತು.

"ಸೂಪರ್ ಅಂಕಲ್. ಗ್ರಿಪ್ ಮಸ್ತ್ ಇದೆ. ಚೆನ್ನಾಗಿ ಓಡ್ಸಿ ಪಳಗಿಸಿರೋ ಟೈರು. ಸೆಕೆಂಡ್ಸ್ ಆದ್ರೂ ಒಳ್ಳೆ ಪೀಸ್ ಹುಡುಕಿದೀರ." ಪಟ್ಟಿಯಲ್ಲಿ ಸರಿ ಗುರುತು ಹಾಕಲು ಪೆನ್ನಿನ ಮುಚ್ಚಳ ತೆಗೆದ.

ಪಟ್ಟಾಭಿರಾಮರ ಕಿವಿಯಲ್ಲಿ ಉಳಿದದ್ದು ಒಂದೇ ಪದ.

"ಏನಂದೆ? ಸೆಕೆಂಡ್ಸಾ?"

"ರೀ, ಸುಮ್ನಿರಿ," ಎಂದು ವೆಂಕಟಲಕ್ಷ್ಮಿ ಕಾರಿನ ಬಾವಿಯೊಳಗಿಂದಲೇ ತೋಳು ಚಿವುಟಿದರು.

"ಸುಮ್ನಿರೋದಾ? ನಾನು ನಾಲ್ಕು ಟೈರು ಅಳೆದು ನೋಡಿ ತಗೊಂಡಿದೀನಿ, ಇವನು ಸೆಕೆಂಡ್ಸ್ ಅಂತಾನೆ." ಬಿಲ್ಲು ಹೊರಬಂತು, ಸಿದ್ದಾರ್ಥನ ಮೂಗಿನ ಮುಂದೆ ಬಿಚ್ಚಿಕೊಂಡಿತು. "ಓದು. ಇವತ್ತಿನ ತಾರೀಖು. ಹನ್ನೊಂದು ನಲವತ್ತು. ನಂಬರ್ ತಾಳೆ ನೋಡ್ಕೋ. ಬರ್ ಕೂಡ ನಾನೇ ಕೈಯಾರೆ ತೆಗೆದಿದೀನಿ, ಒಂದೆಳೆ ಬಿಡದೆ."

ಸಿದ್ದಾರ್ಥ್ ಓದಿದ. ಟೈರು ನೋಡಿದ. ತಲೆ ನೋಡಿದ. ಪೆನ್ನಿನ ಮುಚ್ಚಳ ಹಾಕಿದ.

"ಅಂಕಲ್, ರೂಲ್ ನಂಬರ್ ಸೆವೆನ್ ಓದಿಲ್ವಾ? ಹೊಸ ಟೈರು ಕಮ್ಮಿ ಅಂದ್ರೂ ಇನ್ನೂರು ಕಿಲೋಮೀಟರ್ ಓಡಿರ್ಬೇಕು. ಇಲ್ಲಾಂದ್ರೆ ತಿರುವಲ್ಲಿ ಜಾರುತ್ತೆ. ಟೈರಲ್ಲಿ ಕೂದಲಿದ್ದಿದ್ರೆ ಹೊಸದು ಅಂತ ನೋಡ್ದಾಗ್ಲೇ ಹೇಳ್ತಿದ್ದೆ. ಇರ್ಲಿಲ್ಲ ಅಂತ್ಲೇ ಪಾಸ್ ಮಾಡ್ತಿದ್ದೆ."

ಪಟ್ಟಾಭಿರಾಮರು ಜೇಬಿನ ಹಾಳೆ ಬಿಡಿಸಿದರು. ಮೂರು, ನಾಲ್ಕು, ಐದು, ಆರು. ಏಳು ಅಲ್ಲೇ ಇತ್ತು, ಮಡಿಕೆಯ ಮೇಲೆ.

ಹುಡುಗನಿಗೆ ಪಾಪ ಅನ್ನಿಸಿತು. ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಹೋಗ್ಲಿ ಬಿಡಿ ಅಂಕಲ್, ಬಿಲ್ ಒಳಗಿಡಿ. ನಾನು ನೋಡಿಲ್ಲ ಅನ್ಕೊಂಡು ಸೈನ್ ಹಾಕ್ಬಿಡ್ತೀನಿ."

ಆಡಬಾರದ ಮಾತಿದ್ದರೆ ಅದೊಂದೇ. ಮೂವತ್ತನಾಲ್ಕು ವರ್ಷ ನುಂಗಿದ ಬೇರಿಂಗು, ಬೋಲ್ಟುಗಳೆಲ್ಲ ಒಟ್ಟಿಗೆ ಗಂಟಲಿಗೆ ಬಂದವು. ಪಟ್ಟಾಭಿರಾಮರು ಎದೆ ಸೆಟೆಸಿ ಪೆನ್ನಿಗೆ ಕೈ ಚಾಚಿದರು.

"ಕೊಡು ಇಲ್ಲಿ. ರೂಲ್ ಅಂದ್ರೆ ರೂಲ್. ಯಾವನ ಮುಲಾಜೂ ಬೇಡ."

ತಮ್ಮ ಹೆಸರಿನ ಮುಂದೆ ದೊಡ್ಡದಾಗಿ 'ತಿರಸ್ಕೃತ' ಎಂದು ಬರೆದರು. ಕೆಳಗೆ ತಾರೀಖು ಹಾಕಿ, ಎರಡು ಗೆರೆ ಎಳೆದು, ಮೂವತ್ತನಾಲ್ಕು ವರ್ಷಗಳಲ್ಲೇ ಅತ್ಯಂತ ಸುಂದರವಾದ ರುಜು ಮಾಡಿದರು. ಸುತ್ತ ನಿಂತ ಹುಡುಗರು ಚಪ್ಪಾಳೆ ತಟ್ಟಿದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಐದು ಹೊಡೆಯಿತು. ಪಟ್ಟಿ ಮುಚ್ಚಿತು.

ಗೇಟು ದಾಟುವ ಮೊದಲೇ ಫೋನು ಬಂತು. ದ್ಯಾಮಣ್ಣ. ಸ್ಪೋರ್ಟ್ಸ್ ಕಾರಿನಲ್ಲಿ ಫೋನು ಎತ್ತಿದರೆ ದನಿ ಕಾರಿಗೆಲ್ಲ ಕೇಳುತ್ತದೆ.

"ಪಟ್ಟಾಭಿಯವ್ರೇ, ನೀವು ತಗಂಡಾಯ್ತು ಬುಡಿ, ಆದ್ರೂ ಫೈಲ್ ಮುಗಿಸ್ಬೇಕಲ್ಲ. ಸಮಿತಿ ಕೂತಿತ್ತು. ಗೊರಗುಂಟೆಪಾಳ್ಯದ್ದೇ ಎಲ್-ಒನ್. ನೀವ್ ತಗಂಡ್ರಲ್ಲ, ಅದೇ ಕಂಪ್ನಿ, ಅದೇ ಸೈಜು, ಅದೇ ಎಂಥದೋ ವೈ. ಎಲ್ಲಾ ಸರಿ, ಒಂದೇ ಒಂದು ಐಬು. ಇನ್ನೂರಿಪ್ಪತ್ ಕಿಲೋಮೀಟರ್ ಓಡ್ಬುಟ್ಟವೆ."

ಪಟ್ಟಾಭಿರಾಮರು ಫೋನು ಕುಕ್ಕಿ ಆರಿಸಿದರು. ಮುಂದೆ ನೀರಿನ ಟ್ಯಾಂಕರೊಂದು ಅಡ್ಡ ನಿಂತಿತ್ತು.

"ನಾನು ಮಾಡಿದ್ದೇ ಸರಿ," ಎಂದರು ಪಟ್ಟಾಭಿರಾಮರು, ಟ್ಯಾಂಕರಿಗೆ.

"ಅದಲ್ಲ ಕಣ್ರೀ," ಎಂದರು ವೆಂಕಟಲಕ್ಷ್ಮಿ, ತಗ್ಗಿನಲ್ಲೇ ಸುಖವಾಗಿ ಒರಗಿಕೊಂಡು. "ಎಲ್-ಒನ್ ತಗೊಂಡು ಮಿಡುಕಿದೋಳು ನಮ್ಮ ಬೀದೀಲಿ ನಾನೊಬ್ಬಳೇ ಅಂದ್ಕೊಂಡಿದ್ದೆ. ತಗೊಳ್ದೇ ಮಿಡುಕೋರೂ ಇದಾರೆ ಅಂತ ಇವತ್ತು ಗೊತ್ತಾಯ್ತು."